ಎಣ್ಣೆ ಹಾಕುವ ಏರ್ ಫಿಲ್ಟರಾ, ಪೇಪರಾ? ನೈಟ್ರಸ್ ಹಾಕಿದ ಕಾರಿನ ಏರ್‌ಫ್ಲೋ ಸೆನ್ಸರ್ ಕಥೆ

ನನ್ನದು 2005ರ ಕೊರೊಲ್ಲಾ, 1.8 ಪೆಟ್ರೋಲ್, ಕಾಸರಗೋಡಿನ ಕೆಎಲ್ 14 ನಂಬರ್. ಅದಕ್ಕೆ 35 ಎಚ್‌ಪಿಯ ಸಣ್ಣ ನೈಟ್ರಸ್ ಕಿಟ್ ಇದೆ, ಅಂದರೆ ಎಂಜಿನ್‌ಗೆ ನೈಟ್ರಸ್ ಆಕ್ಸೈಡ್ ಅನಿಲ ಬಿಟ್ಟು ಸ್ವಲ್ಪ ಹೊತ್ತು ಪವರ್ ಹೆಚ್ಚಿಸುವ ವ್ಯವಸ್ಥೆ. ಊರಿನ ರಸ್ತೆಯಲ್ಲಿ ಅದನ್ನು ಬಳಸುವುದಿಲ್ಲ, ಬಾಟಲಿಯನ್ನೇ ಇಳಿಸಿ ಮನೆಯಲ್ಲಿಟ್ಟಿರುತ್ತೇನೆ. ವರ್ಷಕ್ಕೆ ಎರಡೋ ಮೂರೋ ಸಲ ಟ್ರ್ಯಾಕಿಗೆ ಹೋದಾಗ ಮಾತ್ರ. ಉಳಿದ ದಿನ ಅದೇ ಕಾರು ಕುಂಬಳೆಯಿಂದ ಮಂಗಳೂರಿಗೆ ಹೋಗಿ ಬರುತ್ತದೆ, ಬದಿಯಡ್ಕದ ತೋಟಕ್ಕೂ ಹೋಗುತ್ತದೆ. ಹೈವೇ 66 ಅಗಲ ಮಾಡುವ ಕೆಲಸ ಜೋರಿದ್ದಾಗ ಫಿಲ್ಟರ್ ತೆಗೆದು ಅಂಗಳದ ಕಲ್ಲಿಗೆ ಒಂದು ಸಲ ಬಡಿದರೆ ಸಾಕಿತ್ತು, ಕುಂಕುಮದ ಡಬ್ಬಿ ಚೆಲ್ಲಿದ ಹಾಗೆ ಕೆಂಪು ಧೂಳು.

ಫಿಲ್ಟರ್ ದಾಟಿ ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವುದು ಏರ್‌ಫ್ಲೋ ಸೆನ್ಸರ್. ಅದರ ಒಳಗೆ ಕೂದಲಿನಂಥ ತೆಳ್ಳಗಿನ ತಂತಿ ಇದೆ. ಅದನ್ನು ಕರೆಂಟ್ ಕೊಟ್ಟು ಬಿಸಿಯಾಗಿಯೇ ಇಡುತ್ತಾರೆ. ಗಾಳಿ ಬೀಸಿದಷ್ಟೂ ತಂತಿ ತಣಿಯುತ್ತದೆ, ಮತ್ತೆ ಬಿಸಿ ಮಾಡಲು ಎಷ್ಟು ಕರೆಂಟ್ ಬೇಕಾಯಿತು ಎಂಬುದರ ಮೇಲೆ ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಗಾಳಿಯ ಲೆಕ್ಕ ಹಾಕಿ ಪೆಟ್ರೋಲ್ ಬಿಡುತ್ತದೆ. ತಂತಿಯ ಮೇಲೆ ಎಣ್ಣೆ, ಧೂಳು ಕೂತರೆ ಅದು ಕಂಬಳಿ ಹೊದ್ದ ಹಾಗೆ. ಬಂದ ಗಾಳಿಗಿಂತ ಕಡಿಮೆ ತೋರಿಸುತ್ತದೆ, ಪೆಟ್ರೋಲೂ ಕಡಿಮೆ ಬೀಳುತ್ತದೆ. ಸಾಮಾನ್ಯ ಓಡಾಟದಲ್ಲಿ ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಹೇಗೋ ಸರಿ ಮಾಡಿಕೊಳ್ಳುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿ ನೈಟ್ರಸ್ ಬಿಟ್ಟಾಗ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನೇ ಕರಗಬಹುದು. ಸುಮ್ನೆ ಹೆದರಿಸುತ್ತಿಲ್ಲ.

ಮೊದಲು ನನ್ನದು ನೈಟ್ರಸ್ ಮಾತ್ರ ಬಿಡುವ ಡ್ರೈ ಕಿಟ್, ಅದು ಚಿಮ್ಮುವ ನೊಝಲ್ ಸೆನ್ಸರಿಗಿಂತ ಮುಂದೆ, ಅಂದರೆ ಫಿಲ್ಟರ್ ಬಾಕ್ಸ್ ಕಡೆಗೆ. ಉಪಾಯ ಏನೋ ಚೆನ್ನಾಗಿದೆ: ತಣ್ಣನೆಯ ನೈಟ್ರಸ್ ತಂತಿಗೆ ತಾಗಿ ಗಾಳಿ ಜಾಸ್ತಿ ಬಂತು ಎಂದು ಇಸಿಯು ನಂಬುತ್ತದೆ, ತಾನಾಗಿಯೇ ಪೆಟ್ರೋಲ್ ಹೆಚ್ಚಿಸುತ್ತದೆ. ಬೇರೆ ಪೆಟ್ರೋಲ್ ಲೈನ್ ಬೇಡ, ಖರ್ಚೂ ಕಡಿಮೆ. ಆದರೆ ಇಡೀ ಲೆಕ್ಕ ಆ ಒಂದು ತಂತಿಯ ಮೇಲೆ ನಿಂತಿದೆ, ಅಲ್ವಾ? ನೈಟ್ರಸ್ ಕುದಿಯುವುದೇ ಸೊನ್ನೆಗಿಂತ 88 ಡಿಗ್ರಿ ಕೆಳಗೆ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಒಂದು ರನ್ ಮುಗಿಸಿ ಬಾನೆಟ್ ಎತ್ತಿದರೆ ನೊಝಲ್ ಸುತ್ತ ಬಿಳಿ ಮಂಜು ಹಿಡಿದಿರುತ್ತಿತ್ತು, ಅದು ಕರಗಿ ಪೈಪಿನಲ್ಲಿ ನೀರಾಗುತ್ತಿತ್ತು. ಧೂಳಿನ ಮೇಲೆ ನೀರು ಬಿದ್ದರೆ ಏನಾಗುತ್ತದೆ ಎಂದು ಕೆಂಪು ಮಣ್ಣಿನ ಊರಿನವರಿಗೆ ಹೇಳಬೇಕಾಗಿಲ್ಲ.

ಅದರ ಮೇಲೆ ನಾನೇ ಮಾಡಿಕೊಂಡ ಎಡವಟ್ಟು ಎಣ್ಣೆ ಹಾಕುವ ಕಾಟನ್ ಫಿಲ್ಟರ್. ತೊಳೆದು ಮತ್ತೆ ಬಳಸಬಹುದು, ಗಾಳಿ ಸಲೀಸು ಎಂದು ಆಸೆಬಿದ್ದು ತಂದೆ. ಮೊದಲ ಸಲ ತೊಳೆದಾಗ ಧಾರಾಳವಾಗಿ ಎಣ್ಣೆ ಬಿಟ್ಟೆ, ಒಣಗಲು ಒಂದು ಗಂಟೆಯೂ ಕೊಡಲಿಲ್ಲ. ಮೂರು ತಿಂಗಳಲ್ಲಿ ಚೆಕ್ ಎಂಜಿನ್ ಲೈಟ್, ಕೋಡ್ ಪಿ0171, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಬಿಡಬೇಕಾಗಿದೆ ಎಂಬುದು, ಪ್ಲಸ್ 19ರಲ್ಲಿ ಕೂತಿತ್ತು. ಸೆನ್ಸರ್ ಬಿಚ್ಚಿದರೆ ತಂತಿಯ ಮೇಲೆ ಕಂದು ಬಣ್ಣದ ಅಂಟು. ಅಪ್ಪ ಇಣುಕಿ ನೋಡಿ, "ಅಡಿಕೆಗೆ ಮದ್ದು ಬಿಡುವ ಗನ್ನನ್ನು ತೊಳೆಯದೆ ಇಟ್ಟ ಹಾಗೆ ಉಂಟಲ್ಲ" ಎಂದರು.

ಆಮೇಲೆ ಸೆನ್ಸರ್ ತೊಳೆದು, ಮಾಮೂಲಿ ಪೇಪರ್ ಫಿಲ್ಟರ್ ಹಾಕಿ ಅಷ್ಟೇ ದಿನ ಓಡಿಸಿದೆ. ಟ್ರಿಮ್ ಪ್ಲಸ್ 4 ದಾಟಲಿಲ್ಲ. ಎಣ್ಣೆ ಫಿಲ್ಟರಿನಿಂದ ಪವರ್ ಜಾಸ್ತಿ ಬಂತು ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ, ಶಬ್ದ ಜಾಸ್ತಿ ಬಂತು ಅಷ್ಟೆ. ಎಣ್ಣೆಯನ್ನು ಅಳೆದು ಹಾಕಿ ಒಂದು ರಾತ್ರಿ ಇಡುವ ತಾಳ್ಮೆ ಇದ್ದವರಿಗೆ ಅದೂ ಸರಿಹೋಗಬಹುದು. ನನಗಿಲ್ಲ. ಎಣ್ಣೆ ಇಲ್ಲದ ಡ್ರೈ ಫಿಲ್ಟರನ್ನೂ ಗೆಳೆಯನ ಕಾರಿನಿಂದ ತಂದು ಒಂದು ತಿಂಗಳು ನೋಡಿದೆ. ಸೆನ್ಸರ್ ಸ್ವಚ್ಛವಾಗಿತ್ತು, ಬೆಲೆ ಮಾತ್ರ ಕೈ ಸುಡುತ್ತದೆ.

ಸೆನ್ಸರ್ ತೊಳೆಯುವ ವಿಷಯ ಬೇಗ ಹೇಳಿಬಿಡುತ್ತೇನೆ. ಕಾರ್ಬ್ ಕ್ಲೀನರ್ ಬೇಡ, ಪ್ಲಾಸ್ಟಿಕ್ ಹಾಳಾಗಬಹುದು. ಸ್ಯಾನಿಟೈಜರ್ ಅಂತೂ ಬೇಡವೇ ಬೇಡ, ಅದರಲ್ಲಿ ಹೆಚ್ಚಾಗಿ ಗ್ಲಿಸರಿನ್‌ನಂಥದ್ದು ಇರುತ್ತದೆ, ಒಣಗಿದ ಮೇಲೂ ಪದರ ಉಳಿಯುತ್ತದೆ. ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಕೆಲಸ ಮಾಡಿತು, ಆದರೆ ಆ ಅಂಟು ಬಿಡಲು ಮೂರು ಸಲ ಹಾಕಬೇಕಾಯಿತು. ಏರ್‌ಫ್ಲೋ ಸೆನ್ಸರಿಗೆಂದೇ ಮಾರುವ ಸ್ಪ್ರೇ ಒಂದೇ ಸಲಕ್ಕೆ ತೆಗೆಯಿತು, ಮಂಗಳೂರಿನಲ್ಲಿ ಸಿಗುತ್ತದೆ. ಕೀ ತೆಗೆದು, ಎಂಜಿನ್ ತಣ್ಣಗಾದ ಮೇಲೆ ಎರಡು ಸ್ಕ್ರೂ ಬಿಚ್ಚಿದರೆ ಸೆನ್ಸರ್ ಕೈಗೆ ಬರುತ್ತದೆ. ಒಂದು ಎಚ್ಚರ: ಹೊರಗೆ ಕಾಣುವ ಸಣ್ಣ ಮಣಿ ಗಾಳಿಯ ಬಿಸಿ ಅಳೆಯುವುದು. ಅಸಲಿ ತಂತಿ ಒಳಗಿನ ಕಿಂಡಿಯಲ್ಲಿದೆ, ಟಾರ್ಚ್ ಬಿಟ್ಟು ನೋಡಬೇಕು. ಮೊದಲ ಸಲ ನಾನು ಮಣಿಗೆ ಮಾತ್ರ ಸ್ನಾನ ಮಾಡಿಸಿ, ಟ್ರಿಮ್ ಯಾಕೆ ಇಳಿಯಲಿಲ್ಲ ಎಂದು ತಲೆ ಕೆರೆದುಕೊಂಡಿದ್ದೆ. ಹತ್ತಿ ಕಡ್ಡಿ, ಬೆರಳು, ಏರ್ ಗನ್ ಯಾವುದೂ ಒಳಗೆ ಹೋಗಬಾರದು.

ಕೊನೆಗೆ ನೊಝಲ್ ಜಾಗವನ್ನೇ ಬದಲಾಯಿಸಿದೆ. ಈಗ ಅದು ಸೆನ್ಸರ್ ದಾಟಿ, ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ದಾರಿ ಬಿಡುವ ಥ್ರಾಟಲ್ ಬಾಡಿಯ ಹತ್ತಿರ, ವೆಟ್ ಕಿಟ್: ನೈಟ್ರಸ್ ಜೊತೆಗೇ ಅದಕ್ಕೆ ಬೇಕಾದ ಪೆಟ್ರೋಲೂ ಬೇರೆ ಸೊಲೆನಾಯ್ಡ್‌ನಿಂದ, ಅಂದರೆ ಕರೆಂಟಿನಿಂದ ತೆರೆಯುವ ವಾಲ್ವ್‌ನಿಂದ, ಬರುತ್ತದೆ. ಹೊಸ ಲೈನ್, ಜೆಟ್, ಕೂಲಿ ಸೇರಿ ಕಿಸೆಗೆ ಒಳ್ಳೆಯ ಪೆಟ್ಟು ಬಿತ್ತು. ಆದರೆ ತಂತಿಗೆ ನೈಟ್ರಸ್ ತಾಗುವುದೇ ಇಲ್ಲ, ಸ್ವಲ್ಪ ಕೊಳೆಯಾದರೂ ನೈಟ್ರಸ್ ಪಾಲಿನ ಪೆಟ್ರೋಲ್ ತಪ್ಪುವುದಿಲ್ಲ. ವೆಟ್ ನೊಝಲನ್ನು ಸೆನ್ಸರಿಗಿಂತ ಮುಂದೆ ಇಡಲು ಯಾರಾದರೂ ಹೇಳಿದರೆ ಆ ಗ್ಯಾರೇಜಿನಿಂದ ಎದ್ದು ಬನ್ನಿ, ಪೆಟ್ರೋಲೇ ತಂತಿಗೆ ಬೀಳುತ್ತದೆ. ಡ್ರೈ ಕಿಟ್ಟೇ ಇರಲಿ ಎನ್ನುವವರು ಪ್ರತಿ ಟ್ರ್ಯಾಕ್ ದಿನದ ಹಿಂದಿನ ರಾತ್ರಿ ಟ್ರಿಮ್ ನೋಡಿಕೊಳ್ಳಿ. ಪ್ಲಸ್ 10 ದಾಟಿದ್ದರೆ ನಾನಾದರೆ ಬಾಟಲಿ ಹತ್ತಿಸುವುದಿಲ್ಲ.

ಹಳೆಯ ನೊಝಲಿನ ತೂತಿಗೆ ಮೊದಲು ರಬ್ಬರ್ ಬಿರಡೆ ಹಾಕಿದ್ದೆ. ಒಂದು ದಿನ ಅದರ ಅಂಚಿನಲ್ಲಿ ಸಣ್ಣಗೆ ಕೆಂಪು ಗೆರೆ ಕಂಡಿತು. ಫಿಲ್ಟರ್ ದಾಟಿದ ಜಾಗದಲ್ಲೇ ಧೂಳು ಒಳಗೆ ಎಳೆಯುತ್ತಿತ್ತು. ಈಗ ಎಪಾಕ್ಸಿ ಹಾಕಿ ಮುಚ್ಚಿದ್ದೇನೆ.