ರೇಡಿಯೊಗೆ ಪ್ಯಾಡಲ್ ಬಿಗಿಯುವ ತಟ್ಟೆ: ಎಂಟು ತಿಂಗಳು ಬಳಸಿದ ಮೇಲೆ

ಹೊರಗೆ ಕೊಂಡೊಯ್ಯುವ ಹ್ಯಾಮ್ (ಹವ್ಯಾಸಿ) ರೇಡಿಯೊದಲ್ಲಿ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕಳುಹಿಸುವವರಿಗೆಲ್ಲ ಗೊತ್ತಿರುವ ತೊಂದರೆಯೊಂದಿದೆ. ಒಂದು ಕೈ ಪ್ಯಾಡಲ್ (ಒಂದು ಬದಿ ಒತ್ತಿದರೆ ಚುಕ್ಕೆ, ಇನ್ನೊಂದು ಬದಿ ಒತ್ತಿದರೆ ಗೆರೆ ಕಳುಹಿಸುವ ಪುಟ್ಟ ಸಾಧನ) ಒತ್ತುತ್ತಿರುತ್ತದೆ, ಇನ್ನೊಂದು ಕೈ ಆ ಪ್ಯಾಡಲ್ ಜಾರಿಹೋಗದಂತೆ ಹಿಡಿದಿರುತ್ತದೆ, ಎದುರಿನವರ ಕಾಲ್‌ಸೈನ್ (ಗುರುತಿನ ಅಕ್ಷರ-ಅಂಕಿಗಳು) ಬರೆದುಕೊಳ್ಳಬೇಕಾದಾಗ ಮೂರನೆಯ ಕೈ ಎಲ್ಲಿಯೂ ಸಿಗುವುದಿಲ್ಲ. ಮನೆಯ ಮೇಜಿನ ಮೇಲೆ ಈ ಪ್ರಶ್ನೆ ಏಳದು, ಏಕೆಂದರೆ ಅಲ್ಲಿ ಬಳಸುವ ಪ್ಯಾಡಲ್‌ಗಳಿಗೆ ಉಕ್ಕಿನದೋ ಹಿತ್ತಾಳೆಯದೋ ಭಾರವಾದ ಅಡಿಭಾಗ ಇರುತ್ತದೆ. ಬೆನ್ನುಚೀಲದಲ್ಲಿ ಹೋಗುವ ಪ್ಯಾಡಲ್‌ಗೆ ಅಷ್ಟು ಭಾರ ಕೊಡುವ ಮನಸ್ಸು ಯಾರಿಗೂ ಬರುವುದಿಲ್ಲ. ಹಾಗಾಗಿ ಅದಕ್ಕೆ ಬೇಕಾದ ಸ್ಥಿರತೆಯನ್ನು ರೇಡಿಯೊದಿಂದಲೇ ಎರವಲು ಪಡೆಯಬೇಕಾಗುತ್ತದೆ.

ಆ ಕೆಲಸಕ್ಕೆಂದೇ ಸಣ್ಣ ಪ್ರಮಾಣದಲ್ಲಿ ತಯಾರಾಗುವ ಒಂದು ಅಲ್ಯೂಮಿನಿಯಂ ತಟ್ಟೆಯನ್ನು ನಾನು ಎಂಟು ತಿಂಗಳಿನಿಂದ ಐಕಾಮ್ ಐಸಿ-705 ರೇಡಿಯೊದೊಂದಿಗೆ ಬಳಸುತ್ತಿದ್ದೇನೆ. ಕೊಂಡಾಗ ಇದ್ದ ಸ್ಥಿತಿಯಲ್ಲಿ ಅದು ಅರ್ಧ ಕೆಲಸವನ್ನಷ್ಟೇ ಮಾಡುತ್ತಿತ್ತು, ಉಳಿದರ್ಧವನ್ನು ನಾನು ಮಾಡಬೇಕಾಯಿತು. ಆದರೂ ಈಗ ಅದನ್ನು ಬಿಟ್ಟು ಹೊರಗೆ ಹೋಗುವುದಿಲ್ಲ.

ವಸ್ತು ತುಂಬ ಸರಳವಾದದ್ದು. ಮೂರು ಮಿಲಿಮೀಟರ್ ದಪ್ಪದ ತಟ್ಟೆ, ಅದರ ಹಿಂಭಾಗ ರೇಡಿಯೊದ ಅಡಿಗೆ ಸೇರುತ್ತದೆ, ಮುಂಭಾಗ ರೇಡಿಯೊದ ಮುಖದಿಂದಾಚೆಗೆ ಅಂಗೈಯಗಲ ಚಾಚಿಕೊಂಡಿರುತ್ತದೆ. ಚಾಚಿಕೊಂಡ ಭಾಗದಲ್ಲಿ ಪ್ಯಾಡಲ್ ಕೂರಿಸಲು ಎಂ3 ಅಳತೆಯ ಎರಡು ರಂಧ್ರಗಳಿವೆ, ಅವನ್ನು ಸೀಳಿನಂತೆ ಉದ್ದವಾಗಿ ಕೊರೆದಿರುವುದರಿಂದ ಬೇರೆ ಬೇರೆ ಪ್ಯಾಡಲ್‌ಗಳೂ ಹೊಂದುತ್ತವೆ. ರೇಡಿಯೊದ ಅಡಿಯಲ್ಲಿರುವ ಟ್ರೈಪಾಡ್ ರಂಧ್ರಕ್ಕೆ, ಅಂದರೆ ಕ್ಯಾಮೆರಾಗಳಲ್ಲಿ ಇರುವಂಥದೇ ಕಾಲು ಇಂಚಿನ, ಇಂಚಿಗೆ 20 ಎಳೆಗಳ ರಂಧ್ರಕ್ಕೆ, ಬೆರಳಿನಿಂದಲೇ ತಿರುಗಿಸಬಹುದಾದ ಒರಟು ತಲೆಯ ಒಂದು ತಿರುಪು ಹೋಗುತ್ತದೆ. ನಡುವೆ ಒಂದೂವರೆ ಮಿಲಿಮೀಟರ್ ದಪ್ಪದ ಮೆತ್ತನೆಯ ರಬ್ಬರ್ ಹಾಳೆ. ಬಂದ ಪೊಟ್ಟಣದಲ್ಲಿ ಇದ್ದದ್ದು ಇಷ್ಟೇ, ಜೋಡಿಸುವ ಸೂಚನೆಯ ಒಂದು ಚೀಟಿಯೂ ಇರಲಿಲ್ಲ.

ಮೊದಲ ದಿನ ಮೇಜಿನ ಮೇಲೆ ಎಲ್ಲವೂ ಚೆನ್ನಾಗಿತ್ತು. ಬ್ಯಾಟರಿ ಸೇರಿ ಸುಮಾರು 1.1 ಕಿಲೋ ತೂಗುವ ರೇಡಿಯೊವೇ ಪ್ಯಾಡಲ್‌ನ ಅಡಿಗಲ್ಲಾಗಿ ನಿಂತಿತು, ಎಡಗೈಗೆ ಬಿಡುವು ಸಿಕ್ಕಿತು. ತೊಂದರೆ ಕಾಣಿಸಿದ್ದು ಮೊದಲ ಸಲ ಬೆಟ್ಟದ ತುದಿಗೆ ಒಯ್ದಾಗ. 2002ರಲ್ಲಿ ಆರಂಭವಾದ, ಬೆಟ್ಟದ ತುದಿಗಳಿಂದ ಇತರ ಹ್ಯಾಮ್‌ಗಳನ್ನು ಸಂಪರ್ಕಿಸುವ ಸೋಟಾ ಎಂಬ ಶಿಖರ ಕಾರ್ಯಕ್ರಮದಲ್ಲಿ ಅಂಕ ಸಿಗಬೇಕಾದರೆ ಕನಿಷ್ಠ ನಾಲ್ಕು ಸಂಪರ್ಕಗಳಾಗಬೇಕು. ಮೂರನೆಯದರ ಹೊತ್ತಿಗೆ ನನ್ನ 'ಎಚ್' ಅಕ್ಷರ ಆಗಾಗ '5' ಆಗಿ ಹೋಗುತ್ತಿತ್ತು. ಮೋರ್ಸ್‌ನಲ್ಲಿ ನಾಲ್ಕು ಚುಕ್ಕೆಗಳು ಎಚ್, ಐದು ಚುಕ್ಕೆಗಳು 5. ಹೆಬ್ಬೆರಳು ಸಮಯಕ್ಕೆ ಸರಿಯಾಗಿ ಬಿಡುತ್ತಿದೆ ಎಂದುಕೊಂಡಿದ್ದೆ, ಆದರೆ ಕಣ್ಣು ಹಾಯಿಸಿದಾಗ ಇಡೀ ತಟ್ಟೆಯೇ ತಿರುಪಿನ ಸುತ್ತ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿಕೊಂಡಿತ್ತು. ಪ್ಯಾಡಲ್ ತಿರುಗಿದಂತೆಲ್ಲ ಕೈಯೂ ಅರಿವಿಲ್ಲದೆ ಅದರ ಹಿಂದೆಯೇ ತಿರುಗಿ, ಮಣಿಕಟ್ಟು ಸೊಟ್ಟಗಾಗಿ, ಬೆರಳು ಬಿಡುವುದು ತಡವಾಗುತ್ತಿತ್ತು. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಅವಧಿ 60 ಮಿಲಿಸೆಕೆಂಡ್ ಮಾತ್ರ, ಆದ್ದರಿಂದ ಅಲ್ಪಸ್ವಲ್ಪ ತಡವಾದರೂ ಕೀಯರ್ (ಪ್ಯಾಡಲ್ ಒತ್ತಿರುವಷ್ಟು ಹೊತ್ತೂ ಚುಕ್ಕೆ-ಗೆರೆಗಳನ್ನು ತಾನೇ ಹೊರಡಿಸುವ, ರೇಡಿಯೊದೊಳಗಿನ ಭಾಗ) ಇನ್ನೊಂದು ಚುಕ್ಕೆಯನ್ನು ಸೇರಿಸಿಬಿಡುತ್ತದೆ.

ಪ್ಯಾಡಲ್ ಮೇಲೆ ಬೀಳುವ ಬಲ ಕೆಲವು ಹತ್ತು ಗ್ರಾಂಗಳಷ್ಟೇ, ಅದಕ್ಕೆ ಬಿಗಿದ ತಿರುಪು ಏಕೆ ಸೋಲಬೇಕು ಎಂದು ನನಗೂ ಅನಿಸಿತ್ತು. ವೇಗ ಅಳೆಯಲು ಬಳಸುವ 'ಪ್ಯಾರಿಸ್' ಎಂಬ ಮಾದರಿ ಪದದಲ್ಲಿ 10 ಚುಕ್ಕೆಗಳೂ 4 ಗೆರೆಗಳೂ ಇವೆ, ಅಂದರೆ 20 ಪದಗಳ ವೇಗದಲ್ಲಿ ನಿಮಿಷಕ್ಕೆ 280, ಅರ್ಧ ಗಂಟೆಗೆ 8,400 ಚುಕ್ಕೆ-ಗೆರೆಗಳು. ಒಂದೊಂದಕ್ಕೂ ಬೇರೆ ಬೇರೆಯಾಗಿ ಒತ್ತಬೇಕಾಗಿಲ್ಲ, ನಡುನಡುವೆ ಕೇಳಿಸಿಕೊಳ್ಳುವ ಹೊತ್ತೂ ಇರುತ್ತದೆ ಎಂದು ಲೆಕ್ಕವನ್ನು ಇಳಿಸಿಕೊಂಡರೂ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಂದು ಸಾವಿರಾರು ಸಲ ತಳ್ಳಿದಂತಾಯಿತು. ತಿರುಪಿಗೆ ಅಡ್ಡಲಾಗಿ ಹಿಂದೆಮುಂದೆ ಬೀಳುವ ಬಲವೇ ಅದನ್ನು ಸಡಿಲಿಸುವುದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಎಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ನೆಟ್ಟಗೆ ಎಳೆದರೆ ಜಗ್ಗದ ತಿರುಪು ಅಡ್ಡಡ್ಡ ಅಲುಗಿಸಿದರೆ ಸೋಲುತ್ತದೆ. ಪ್ಯಾಡಲ್ ಹಾಕುವ ಬಲವೆಲ್ಲ ಅಡ್ಡಬಲವೇ.

ಆದರೆ ನನ್ನ ತಟ್ಟೆಯ ಮಟ್ಟಿಗೆ ಮೊದಲ ತಪ್ಪು ಇನ್ನೂ ಸರಳವಾದದ್ದಾಗಿತ್ತು, ಅದು ಕಣ್ಣಿಗೆ ಬೀಳಲು ಮೂರು ವಾರ ಹಿಡಿಯಿತು. ಒಂದು ಸಂಜೆ ತಟ್ಟೆಯನ್ನು ಎಂದಿನಂತೆ ಬಿಗಿದು, ಅದಕ್ಕೂ ರೇಡಿಯೊಗೂ ನಡುವೆ ಸಿಕ್ಕಿಕೊಂಡಿದ್ದ ಕಾಗದದ ಚೂರೊಂದನ್ನು ಎಳೆದೆ. ಅದು ಯಾವ ತಡೆಯೂ ಇಲ್ಲದೆ ಈಚೆಗೆ ಬಂದಿತು. ತಿರುಪು ಮಾತ್ರ ಇನ್ನೊಂದು ಎಳೆಯಷ್ಟೂ ತಿರುಗದಂತೆ ನಿಂತಿತ್ತು. ಕೊಟ್ಟಿದ್ದ ತಿರುಪು ಉದ್ದವಾಗಿದ್ದು, ರಂಧ್ರದ ತಳಕ್ಕೆ ತಾಗಿ ಅಲ್ಲಿಯೇ ಬಿಗಿಯಾಗುತ್ತಿತ್ತು. ಬೆರಳಿಗೆ ಅನುಭವವಾಗುತ್ತಿದ್ದ ಬಿಗಿ ರಂಧ್ರದ ತಳದ್ದು, ತಟ್ಟೆಯನ್ನು ಅದು ಒತ್ತಿ ಹಿಡಿದೇ ಇರಲಿಲ್ಲ. ಇದನ್ನು ತಯಾರಕರ ದೊಡ್ಡ ಲೋಪವೆಂದೇ ನಾನು ಎಣಿಸುತ್ತೇನೆ, ಏಕೆಂದರೆ ಬಲವಾಗಿ ತಿರುಗಿಸುವ ಅಭ್ಯಾಸದವರ ಕೈಯಲ್ಲಿ ಇದು ರೇಡಿಯೊದ ಒಳಭಾಗಕ್ಕೇ ಪೆಟ್ಟು ಕೊಡಬಹುದಿತ್ತು. ತಿರುಪಿನ ತಲೆಯ ಕೆಳಗೆ ಎರಡು ದಪ್ಪ ವಾಷರ್ ಹಾಕಿದ ಮೇಲೆ ಅದೇ ಕಾಗದವನ್ನು ಎಳೆದರೆ ಹರಿದು ಬಂತು. ಇಂಥ ಯಾವ ಹಿಡಿಕೆಯನ್ನು ಕೊಂಡರೂ ಈ ಕಾಗದದ ಪರೀಕ್ಷೆಯನ್ನು ಮೊದಲು ಮಾಡಿಕೊಳ್ಳುವುದು ಒಳ್ಳೆಯದು.

ಬಿಗಿ ಸರಿಯಾದ ಮೇಲೆ ರಬ್ಬರ್ ಹಾಳೆಯ ದೋಷ ಕಾಣತೊಡಗಿತು. ಜಾರದಂತೆ ಹಿಡಿಯಲು ರಬ್ಬರ್ ಬೇಕು ಎಂಬುದು ನಿಜ. ಆದರೆ ಮೆತ್ತನೆಯ ದಪ್ಪ ರಬ್ಬರ್ ಜಾರುವುದನ್ನು ತಡೆದರೂ ಬಾಗುವುದನ್ನು ತಡೆಯುವುದಿಲ್ಲ, ತಟ್ಟೆ ಅದರ ಮೇಲೆ ತೊಟ್ಟಿಲಿನಂತೆ ತೂಗುತ್ತದೆ. ಪ್ಯಾಡಲ್‌ನ ಸಂಪರ್ಕಬಿಂದುಗಳ ನಡುವಿನ ಅಂತರವನ್ನು ನಾನು ಕಾಗದದ ಒಂದು ಹಾಳೆಯಷ್ಟು, ಅಂದರೆ ಮಿಲಿಮೀಟರ್‌ನ ಹತ್ತನೆಯ ಒಂದು ಭಾಗದಷ್ಟು ಇಡುತ್ತೇನೆ. ಅಷ್ಟು ಕಿರಿದಾದ ಚಲನೆಯನ್ನು ಬೆರಳು ಗುರುತಿಸಬೇಕಾದರೆ ಪ್ಯಾಡಲ್ ಕುಳಿತ ನೆಲ ಅದಕ್ಕಿಂತ ಹೆಚ್ಚು ಅಲುಗಬಾರದು. ಮೂಲ ರಬ್ಬರನ್ನು ಕಿತ್ತು, ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಕತ್ತರಿಸಿ ಅದರ ಜಾಗದಲ್ಲಿ ಅಂಟಿಸಿದೆ. ತೆಳು, ಗಟ್ಟಿ, ಹಿಡಿತವೂ ಸಾಕಷ್ಟು. ಒತ್ತಿದಾಗ ಕೇಳುವ 'ಟಕ್' ಎಂಬ ಸದ್ದಿನಲ್ಲೇ ವ್ಯತ್ಯಾಸ ತಿಳಿಯುವಂತಿತ್ತು.

ಇಷ್ಟಾದರೂ ಒಂಟಿ ತಿರುಪಿನ ಹಿಡಿಕೆಗೆ ಹುಟ್ಟಿನಿಂದಲೇ ಒಂದು ಮಿತಿ ಇದೆ, ಮೊಣಕೈ ತಾಗಿದರೆ ಅದು ತಿರುಗಿಯೇ ತಿರುಗುತ್ತದೆ. ಕೇವಲ ಘರ್ಷಣೆಯನ್ನು ನಂಬಿದ ಹಿಡಿತ, ತಿರುಪಿನ ತಲೆಯಷ್ಟು ಅಗಲದ ಜಾಗದಲ್ಲಿ, ಅಂಗೈಯಗಲ ಉದ್ದದ ಸನ್ನೆಕೋಲಿನ ಎದುರು ನಿಲ್ಲಬೇಕಾಗುತ್ತದೆ. ತಟ್ಟೆಯ ಹಿಂಬದಿಯಲ್ಲಿ, ತಿರುಪಿನ ಎಡಕ್ಕೂ ಬಲಕ್ಕೂ ನಾಲ್ಕು ಸೆಂಟಿಮೀಟರ್ ದೂರದಲ್ಲಿ ಎರಡು ಖಾಲಿ ರಂಧ್ರಗಳಿದ್ದವು. ಅವು ಏತಕ್ಕೆಂದು ತಯಾರಕರು ಎಲ್ಲಿಯೂ ಹೇಳಿಲ್ಲ. ಅವುಗಳಲ್ಲಿ ಎರಡು ಗಿಡ್ಡ ಬೋಲ್ಟ್ ನಿಲ್ಲಿಸಿ, ಗೀರು ಬೀಳದಂತೆ ಅವಕ್ಕೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ರೇಡಿಯೊದ ಹಿಂಬದಿಯ ನೇರವಾದ ಅಂಚಿಗೆ ಆನಿಸಿದೆ. ನೇರವಾದ ಅಂಚೊಂದಕ್ಕೆ ಎರಡು ಮೊಳೆಗಳು ತಾಗಿ ನಿಂತರೆ ತಟ್ಟೆ ಎಡಕ್ಕೂ ತಿರುಗಲಾರದು, ಬಲಕ್ಕೂ ತಿರುಗಲಾರದು. ತಿರುಪಿಗೆ ಆಗ ಉಳಿಯುವುದು ತಟ್ಟೆಯನ್ನು ಮೇಲಕ್ಕೆ ಒತ್ತಿ ಹಿಡಿಯುವ ಕೆಲಸ ಮಾತ್ರ, ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಈ ಬದಲಾವಣೆಯ ನಂತರದ ಆರು ತಿಂಗಳಲ್ಲಿ ತಟ್ಟೆ ಒಮ್ಮೆಯೂ ತಿರುಗಿಲ್ಲ.

ಬೋಲ್ಟ್‌ಗಳು ಸಡಿಲವಾಗದಿರಲೆಂದು ಎಳೆಗೆ ಹಚ್ಚುವ ದ್ರವದ ಅಂಟನ್ನು ನಾನು ಬಳಸಲಿಲ್ಲ, ನೈಲಾನ್ ಉಂಗುರವಿರುವ ನಟ್ ಹಾಕಿದೆ. ಆ ದ್ರವ ಎಬಿಎಸ್, ಪಾಲಿಕಾರ್ಬನೇಟ್‌ನಂಥ ಪ್ಲಾಸ್ಟಿಕ್‌ಗಳಿಗೆ ತಾಗಿದರೆ ಬಿರುಕು ಬಿಡಿಸಬಲ್ಲದು. ರೇಡಿಯೊದ ಮೈಯ ಪಕ್ಕದಲ್ಲಿ ಅಂಥದನ್ನು ತರದಿರುವುದೇ ಲೇಸು.

ವೈರ್ ವಿಷಯಕ್ಕೆ ತಟ್ಟೆಯಲ್ಲಿ ಯಾವ ವ್ಯವಸ್ಥೆಯೂ ಇಲ್ಲ. ಇದು ನನ್ನ ಎರಡನೆಯ ದೂರು. ಈ ರೇಡಿಯೊದ ಕೀ ಜ್ಯಾಕ್ ಪಕ್ಕದಲ್ಲಿದೆ, ಯಾಯೆಸು ಎಫ್‌ಟಿ-817ರಂಥವುಗಳಲ್ಲಿ ಹಿಂಬದಿಯಲ್ಲಿರುತ್ತದೆ, ಆದ್ದರಿಂದ ಮುಂದೆ ಕುಳಿತ ಪ್ಯಾಡಲ್‌ನಿಂದ ವೈರ್ ಸುತ್ತಿ ಬರಲೇಬೇಕು. ಪ್ಯಾಡಲ್ ಎಷ್ಟೇ ಗಟ್ಟಿಯಾಗಿ ಕುಳಿತಿದ್ದರೂ 3.5 ಮಿಲಿಮೀಟರ್ ಪಿನ್ ಒಂದಿಷ್ಟು ಹೊರಬಂದರೆ ಸಾಕು, ತುದಿಯ ಚುಕ್ಕೆ, ನಡುವಿನ ಉಂಗುರದ ಗೆರೆ, ಬುಡದ ಸಾಮಾನ್ಯ ತಂತಿ ಎಲ್ಲವೂ ಅದಲುಬದಲಾಗಿ, ಕೆಲವೊಮ್ಮೆ ಗೆರೆಗಳು ಮಾತ್ರ ಬರುತ್ತ, ಕೆಲವೊಮ್ಮೆ ಏನೂ ಬಾರದೆ ಹೋಗುತ್ತದೆ. ಲಂಬಕೋನದ ಪಿನ್ನಿರುವ ಹದಿನೈದು ಸೆಂಟಿಮೀಟರ್‌ನ ವೈರ್ ಮಾಡಿಕೊಂಡು, ಪ್ಯಾಡಲ್‌ನ ಬುಡದಲ್ಲೇ ತಟ್ಟೆಗೆ ಒಂದು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ್ದೇನೆ. ಎಳೆತ ಬಿದ್ದರೆ ಅದು ಪಟ್ಟಿಯಲ್ಲಿ ನಿಲ್ಲುತ್ತದೆ, ಜ್ಯಾಕ್‌ವರೆಗೆ ಹೋಗುವುದಿಲ್ಲ. ವೈರ್ ಗಿಡ್ಡವಾದದ್ದರಿಂದ ಇನ್ನೊಂದು ಲಾಭವೂ ಆಯಿತು. ತುದಿಯಿಂದ ಶಕ್ತಿ ಊಡುವ ಆಂಟೆನಾದ ತಂತಿಯನ್ನು ರೇಡಿಯೊದ ಹತ್ತಿರವೇ ಕಟ್ಟಿದಾಗ, ಉದ್ದದ ವೈರ್ ರೇಡಿಯೊ ಅಲೆಯನ್ನು ಹೀರಿಕೊಂಡು ಕೀಯರ್‌ನಲ್ಲಿ ತಾನೇ ತಾನಾಗಿ ಚುಕ್ಕೆಗಳನ್ನು ಹುಟ್ಟಿಸುತ್ತಿತ್ತು. ಈಗ ಆ ಉಪದ್ರವ ಇಲ್ಲ. ಇನ್ನೂ ಕಾಡುವವರು ವೈರನ್ನು ಫೆರೈಟ್ ಉಂಗುರಕ್ಕೆ ಮೂರು ನಾಲ್ಕು ಸುತ್ತು ಸುತ್ತಿ ನೋಡಬಹುದು.

ಇದಕ್ಕೆ ಮೊದಲು ಬಳಸಿದವುಗಳೊಡನೆ ಹೋಲಿಸಿ ನೋಡಿದರೆ ತಟ್ಟೆಯ ಬೆಲೆ ತಿಳಿಯುತ್ತದೆ. ಮ್ಯಾಗ್ನೆಟ್ ಕಟ್ಟಿದ ಪ್ಯಾಡಲ್ ಅನುಕೂಲಕರವೇನೋ ಹೌದು, ಆದರೆ ಮ್ಯಾಗ್ನೆಟ್ ಎಳೆತಕ್ಕೆ ಒಡ್ಡುವಷ್ಟು ವಿರೋಧವನ್ನು ಪಕ್ಕಕ್ಕೆ ಜಾರುವುದಕ್ಕೆ ಒಡ್ಡುವುದಿಲ್ಲ. ಜೊತೆಗೆ ಚೀಲದಲ್ಲಿ ದಿಕ್ಸೂಚಿಯ ಪಕ್ಕದಲ್ಲಿ ಬಿದ್ದರೆ ಅದರ ಮುಳ್ಳಿಗೂ ದಾರಿ ತಪ್ಪಿಸುತ್ತದೆ. 3ಡಿ ಮುದ್ರಣದ ಹಿಡಿಕೆಗಳಲ್ಲಿ ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನದನ್ನು ದೂರವಿಡಬೇಕು. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮೆತ್ತಗಾಗುತ್ತದೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಗಿದಿಟ್ಟ ನನ್ನ ಹಿಡಿಕೆಯೊಂದು ಒಂದೇ ಮಧ್ಯಾಹ್ನದಲ್ಲಿ ತಿರುಪಿನ ಸುತ್ತ ಕುಸಿದಿತ್ತು. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಇನ್ನೂ ಇಪ್ಪತ್ತು ಡಿಗ್ರಿ ಹೆಚ್ಚು ತಾಳುತ್ತದೆ. ಎಲ್ಲಕ್ಕಿಂತ ಚೊಕ್ಕವಾದ ಉಪಾಯ ಎಲೆಕ್ರಾಫ್ಟ್ ಕೆಎಕ್ಸ್3 ರೇಡಿಯೊದ್ದು. ಅದರ ಪ್ಯಾಡಲ್ ಹೊರಗಿನ ವೈರೇ ಇಲ್ಲದೆ ಮುಂಭಾಗಕ್ಕೆ ಸಿಕ್ಕಿಕೊಂಡು ಎರಡು ತಿರುಪುಗಳಿಂದ ನಿಲ್ಲುತ್ತದೆ. ಎರಡು ತಿರುಪುಗಳಿದ್ದರೆ ತಿರುಗುವ ಮಾತೇ ಇಲ್ಲ ಎಂಬುದನ್ನು ಅದನ್ನು ನೋಡಿಯೇ ನಾನು ಕಲಿಯಬಹುದಿತ್ತು. ಆದರೆ ಆ ಪ್ಯಾಡಲ್ ಆ ರೇಡಿಯೊಗೆ ಮಾತ್ರ, ಈ ತಟ್ಟೆಗೆ ನಮಗೆ ಒಗ್ಗಿದ ಪ್ಯಾಡಲ್ಲನ್ನೇ ಕೂರಿಸಬಹುದು. ಇನ್ನು ಸುಮಾರು 370 ಗ್ರಾಂ ತೂಗುವ ಕೆಎಕ್ಸ್2ರಷ್ಟು ಹಗುರವಾದ ರೇಡಿಯೊಗಳಲ್ಲಿ ಯಾವ ಹಿಡಿಕೆ ಹಾಕಿದರೂ ರೇಡಿಯೊವೇ ಪ್ಯಾಡಲ್ ಜೊತೆ ಸರಿಯಬಹುದು, ಅಲ್ಲಿ ಅಂಗೈಯ ಅಂಚನ್ನು ನೆಲಕ್ಕೆ ಊರಿ ಬೆರಳಿನಿಂದಷ್ಟೇ ಒತ್ತುವ ಅಭ್ಯಾಸ ಬೇಕು.

ಎಡಗೈಯವರಿಗೆ ತಟ್ಟೆಯಿಂದ ತೊಂದರೆಯಿಲ್ಲ, ಚುಕ್ಕೆ-ಗೆರೆಗಳ ಬದಿಯನ್ನು ರೇಡಿಯೊದ ಮೆನುವಿನಲ್ಲೇ ಬದಲಿಸಿಕೊಳ್ಳಬಹುದು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಹಿಡಿಕೆ ಗಟ್ಟಿಯಾದಷ್ಟೂ ಬಿದ್ದಾಗಿನ ಪೆಟ್ಟು ರೇಡಿಯೊಗೆ ನೇರವಾಗಿ ತಲುಪುತ್ತದೆ. ಮುಂದಕ್ಕೆ ಚಾಚಿದ ತಟ್ಟೆಯ ಮೇಲಿನ ಪ್ಯಾಡಲ್‌ಗೆ ಕಲ್ಲು ತಾಗಿದರೆ ತಟ್ಟೆಯೇ ಟ್ರೈಪಾಡ್ ರಂಧ್ರದ ಎಳೆಗಳನ್ನು ಮೀಟುವ ಕೋಲಾಗುತ್ತದೆ. ಆದ್ದರಿಂದ ನಾನು ಪ್ಯಾಡಲ್ ಕೂರಿಸಲು ಲೋಹದ ಬದಲು ನೈಲಾನ್‌ನ ಎರಡು ಎಂ3 ಬೋಲ್ಟ್ ಬಳಸುತ್ತೇನೆ. ದಿನನಿತ್ಯದ ಒತ್ತಡಕ್ಕೆ ಅವು ಸಾಕು, ಜೋರು ಪೆಟ್ಟು ಬಿದ್ದರೆ ಅವೇ ಮೊದಲು ತುಂಡಾಗುತ್ತವೆ. ಹೋದ ತಿಂಗಳು ರೇಡಿಯೊ ಮಡಿಲಿನಿಂದ ಜಾರಿ ಬಂಡೆಯ ಮೇಲೆ ಬಿದ್ದಾಗ ಎರಡೂ ಬೋಲ್ಟ್‌ಗಳು ಕಡಿದುಹೋದವು, ಪ್ಯಾಡಲ್ ವೈರಿನಲ್ಲಿ ನೇತಾಡುತ್ತಿತ್ತು, ರೇಡಿಯೊಗೆ ಒಂದು ಗೀರೂ ಆಗಿರಲಿಲ್ಲ. ಚೀಲದ ಜೇಬಿನಲ್ಲಿದ್ದ ಇನ್ನೆರಡು ಬೋಲ್ಟ್ ಹಾಕಿ ಹತ್ತು ನಿಮಿಷದಲ್ಲಿ ಅರ್ಧಕ್ಕೆ ನಿಂತ ಸಂಪರ್ಕವನ್ನು ಮುಂದುವರಿಸಿದೆ. ಎದುರಿನವರು ಆ ಹತ್ತು ನಿಮಿಷವೂ ಕಾದಿದ್ದರು.