ಸ್ಪಾಟ್‌ಗಳನ್ನು ಎಲ್ಲಿ ಸೋಸಬೇಕು? ಡಿಎಕ್ಸ್‌ಸ್ಪೈಡರ್, ಸಿಸಿ ಯೂಸರ್, ಸ್ಪಾಟ್‌ಕಲೆಕ್ಟರ್, ಹ್ಯಾಮ್‌ಅಲರ್ಟ್: ಬಳಸಿ ನೋಡಿದ ಹೋಲಿಕೆ

ಒಂದು ನಿಲ್ದಾಣ ಯಾವ ಆವರ್ತನದಲ್ಲಿ, ಎಷ್ಟು ಹೊತ್ತಿಗೆ, ಯಾರಿಗೆ ಕೇಳಿಸಿತು ಎಂಬ ಒಂದೇ ಸಾಲಿನ ಸುದ್ದಿಯನ್ನು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಸ್ಪಾಟ್ ಎನ್ನುತ್ತಾರೆ. ದೂರದ ನಿಲ್ದಾಣಕ್ಕೆ ಅವರಿಟ್ಟ ಹೆಸರು ಡಿಎಕ್ಸ್. ಸ್ಪಾಟನ್ನು ಎಲ್ಲರಿಗೂ ಹಂಚುವ ಜಾಲವೇ ಡಿಎಕ್ಸ್ ಕ್ಲಸ್ಟರ್. ಜನರು ಕೈಯಾರೆ ಟೈಪ್ ಮಾಡಿ ಹಾಕುವ ಸ್ಪಾಟ್‌ಗಳಷ್ಟೇ ಬರುತ್ತಿದ್ದಾಗ ಪರದೆಯ ಮೇಲೆ ಕಣ್ಣಾಡಿಸಿದರೆ ಸಾಕಿತ್ತು. ರಿವರ್ಸ್ ಬೀಕನ್ ನೆಟ್‌ವರ್ಕ್‌ನ ಸ್ಕಿಮ್ಮರ್‌ಗಳು ಬಂದ ಮೇಲೆ ಆ ಕಾಲ ಮುಗಿಯಿತು. ಅವು ಬ್ಯಾಂಡಿನ ಮೋರ್ಸ್ ಸಂಕೇತಗಳನ್ನೆಲ್ಲ ಒಟ್ಟಿಗೆ ಓದಿ, ಸಿಗ್ನಲ್ ಎಷ್ಟು ಡೆಸಿಬೆಲ್, ವೇಗ ನಿಮಿಷಕ್ಕೆ ಎಷ್ಟು ಪದ ಎಂಬುದನ್ನೂ ಸೇರಿಸಿ ತಾವಾಗಿಯೇ ಸ್ಪಾಟ್ ಹಾಕುತ್ತವೆ. ಬರೀ ಪಠ್ಯ ಹರಿಯುವ ಆ ಜಾಲದ ಟೆಲ್‌ನೆಟ್ ಸರ್ವರಿನ 7000ನೇ ಪೋರ್ಟ್‌ಗೆ ನೇರವಾಗಿ ಸೇರಿಕೊಂಡು ನೋಡಿ, ಸಾಲುಗಳು ಓದಲಾಗದ ವೇಗದಲ್ಲಿ ಉರುಳಿಹೋಗುತ್ತವೆ. 2017ರಲ್ಲಿ ಬಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನದ ಸ್ಪಾಟ್‌ಗಳಿಗೆಂದೇ ಬೇರೆ ಪೋರ್ಟ್ ಇದೆ, 7001.

ಈ ಪ್ರವಾಹವನ್ನು ಸೋಸಲು ನಾಲ್ಕು ದಾರಿಗಳನ್ನು ಚೆನ್ನಾಗಿ ಬಳಸಿ ನೋಡಿದ್ದೇನೆ. ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಅದು ಎಲ್ಲಿ ಕುಳಿತು ಸೋಸುತ್ತದೆ ಎಂದು ಕೇಳಬೇಕು. ಕ್ಲಸ್ಟರ್ ನೋಡ್‌ಗೆ, ಅಂದರೆ ಆ ಜಾಲದ ಒಂದು ಸರ್ವರಿಗೆ, ಸಂಪರ್ಕಗಳನ್ನು ಬರೆದಿಡುವ ನಮ್ಮ ಲಾಗ್‌ನಲ್ಲಿ ಏನಿದೆ ಎಂಬುದು ಗೊತ್ತಿರುವುದಿಲ್ಲ. ನಮ್ಮ ಲಾಗಿಂಗ್ ತಂತ್ರಾಂಶಕ್ಕೆ ನೋಡ್ ತಡೆದುಬಿಟ್ಟ ಸ್ಪಾಟ್ ಇತ್ತೆಂಬುದೇ ಗೊತ್ತಾಗುವುದಿಲ್ಲ. ಆದ್ದರಿಂದ ‘ಯಾರು ಕೇಳಿದರು’ ಎಂಬುದನ್ನು ನೋಡ್‌ನಲ್ಲಿ ಸೋಸಬೇಕು, ‘ನನಗೆ ಬೇಕೇ’ ಎಂಬುದನ್ನು ಮನೆಯ ಕಂಪ್ಯೂಟರಿನಲ್ಲಿ ಸೋಸಬೇಕು. ನಾಲ್ಕನ್ನೂ ನಾನು ಅಳೆದಿರುವುದು ಈ ಲೆಕ್ಕದಲ್ಲಿಯೇ.

ಮೊದಲು ಡಿಎಕ್ಸ್‌ಸ್ಪೈಡರ್. ಪರ್ಲ್ ಭಾಷೆಯಲ್ಲಿ ಬರೆದಿರುವ ಈ ನೋಡ್ ತಂತ್ರಾಂಶ ಜಗತ್ತಿನ ಬಹಳಷ್ಟು ಕ್ಲಸ್ಟರ್‌ಗಳನ್ನು ನಡೆಸುತ್ತಿದೆ. ಸಾಮಾನ್ಯವಾಗಿ 7300ನೇ ಪೋರ್ಟ್‌ನಲ್ಲಿ ಸಿಗುತ್ತದೆ. ಇಲ್ಲಿ ಗುಂಡಿ, ಪಟ್ಟಿ, ಬಣ್ಣ ಯಾವುದೂ ಇಲ್ಲ. ಟೆಲ್‌ನೆಟ್ ಕಿಟಕಿಯಲ್ಲಿ ಕರೆಸಂಕೇತ ಕೊಟ್ಟು ಒಳಹೋಗಿ ಆಜ್ಞೆಗಳನ್ನು ಟೈಪ್ ಮಾಡಬೇಕು. ಮುಖ್ಯವಾದವು ಎರಡು: ‘ರಿಜೆಕ್ಟ್/ಸ್ಪಾಟ್ಸ್’ ಮತ್ತು ‘ಅಕ್ಸೆಪ್ಟ್/ಸ್ಪಾಟ್ಸ್’. ಬರೀ ರಿಜೆಕ್ಟ್ ಬರೆದರೆ ಅದಕ್ಕೆ ಹೊಂದುವುದು ಹೋಗಿ ಉಳಿದದ್ದೆಲ್ಲ ಬರುತ್ತದೆ. ಅಕ್ಸೆಪ್ಟ್ ಬರೆದರೆ ಹೊಂದುವುದು ಮಾತ್ರ ಬರುತ್ತದೆ, ಉಳಿದದ್ದೆಲ್ಲ ಹೋಗುತ್ತದೆ. ಹೊಸಬರ ಪರದೆ ಇದ್ದಕ್ಕಿದ್ದಂತೆ ಖಾಲಿಯಾಗುವುದಕ್ಕೆ ಬಹುಪಾಲು ಈ ವ್ಯತ್ಯಾಸವೇ ಕಾರಣ. ‘ಷೋ/ಫಿಲ್ಟರ್’ ಎಂದರೆ ಈಗ ಏನೇನು ಜಾರಿಯಲ್ಲಿದೆ ಎಂದು ತೋರಿಸುತ್ತದೆ. ‘ಕ್ಲಿಯರ್/ಸ್ಪಾಟ್ಸ್ ಆಲ್’ ಎಂದರೆ ಎಲ್ಲವನ್ನೂ ಅಳಿಸುತ್ತದೆ.

ಡಿಎಕ್ಸ್‌ಸ್ಪೈಡರ್‌ನ ನಿಜವಾದ ಬೆಲೆ ಇರುವುದು ‘ಬೈ_ಝೋನ್’ ಎಂಬ ಒಂದು ಷರತ್ತಿನಲ್ಲಿ. ಸ್ಪಾಟ್ ಹಾಕಿದವರು ಹ್ಯಾಮ್‌ಗಳು ಭೂಮಿಯನ್ನು ವಿಂಗಡಿಸಿಕೊಂಡಿರುವ 40 ಸಿಕ್ಯೂ ವಲಯಗಳಲ್ಲಿ ಯಾವುದರಲ್ಲಿದ್ದಾರೆ ಎಂದು ಅದು ನೋಡುತ್ತದೆ. ಪಶ್ಚಿಮ ಯುರೋಪಿನಲ್ಲಿರುವವರು ‘ಅಕ್ಸೆಪ್ಟ್/ಸ್ಪಾಟ್ಸ್ 1 ಆನ್ ಎಚ್‌ಎಫ್/ಸಿಡಬ್ಲ್ಯೂ ಅಂಡ್ ಬೈ_ಝೋನ್ 14,15’ ಎಂದು ಬರೆದರೆ ತಮ್ಮ ಸುತ್ತಲಿನವರು ಕೇಳಿದ ಮೋರ್ಸ್ ಸ್ಪಾಟ್‌ಗಳು ಮಾತ್ರ ಬರುತ್ತವೆ. ಭೂಮಿಯ ಆಚೆ ಬದಿಯವರಿಗೆ ಅಬ್ಬರದಿಂದ ಕೇಳಿಸುತ್ತಿರುವ ನಿಲ್ದಾಣ ನಮ್ಮಲ್ಲಿಗೆ ಬರುತ್ತಿದೆ ಎಂದು ಹೇಳಲಾಗದು. ನೆರೆಯ ವಲಯದವರಿಗೆ ಕೇಳಿಸಿತು ಎಂದರೆ ಆಂಟೆನಾ ತಿರುಗಿಸಲು ಅದೇ ಸಾಕಾದ ಕಾರಣ.

ವಲಯಗಳನ್ನು ಆರಿಸುವಾಗ ನಮ್ಮ ಪೂರ್ವಕ್ಕಿರುವುದನ್ನು ಬಿಡಬಾರದು. 160 ಮೀಟರ್ ಬ್ಯಾಂಡಿನಲ್ಲಿ ಪಶ್ಚಿಮದ ದೂರದ ನಿಲ್ದಾಣಗಳು ಸೂರ್ಯೋದಯದ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಏರಿ ಬರುತ್ತವೆ. ಪೂರ್ವದವರಿಗೆ ಬೆಳಗಾಗುವುದು ನಮಗಿಂತ ಮೊದಲು. ಅವರು ಹಾಕಿದ ಸ್ಪಾಟ್ ನಮಗೆ ಮುಂಗಡ ಸೂಚನೆಯಾಗುತ್ತದೆ, ರೇಡಿಯೊ ಮುಂದೆ ಬಂದು ಕೂರಲು ಸಮಯ ಸಿಗುತ್ತದೆ. ಈ ಸೂಕ್ಷ್ಮವನ್ನು ಯಾವ ಸಿದ್ಧ ಫಿಲ್ಟರೂ ತಾನಾಗಿ ಕೊಡುವುದಿಲ್ಲ.

ಕೊರತೆಗಳೂ ಇವೆ. ಮೋಡ್, ಅಂದರೆ ಮೋರ್ಸ್, ಮಾತು, ಎಫ್‌ಟಿ8 ಇತ್ಯಾದಿ ಪ್ರಸಾರದ ಬಗೆ, ಯಾವುದೆಂದು ಈ ನೋಡ್ ತೀರ್ಮಾನಿಸುವುದು ಆವರ್ತನ ನೋಡಿ. ಅಪರೂಪದ ಜಾಗಗಳಿಗೆ ಹೋಗಿ ಪ್ರಸಾರ ಮಾಡುವ ಡಿಎಕ್ಸ್‌ಪೆಡಿಷನ್‌ಗಳು, ಒಂದೇ ನಿಲ್ದಾಣ ಹಲವರಿಗೆ ಒಟ್ಟಿಗೆ ಉತ್ತರಿಸುವ ಎಫ್‌ಟಿ8ನ ಫಾಕ್ಸ್-ಹೌಂಡ್ ವಿಧಾನವನ್ನು 14.074 ಮೆಗಾಹರ್ಟ್ಸ್‌ನಂತಹ ಎಲ್ಲರ ಜಾಗದಲ್ಲಿ ನಡೆಸುವಂತಿಲ್ಲ, ಬೇರೆಡೆಗೆ ಸರಿಯುತ್ತವೆ. ಆಗ ಮೋಡ್ ಆಧಾರದ ಫಿಲ್ಟರ್ ತಪ್ಪು ಕಡೆ ಕತ್ತರಿಸುತ್ತದೆ. ಇನ್ನೊಂದು, ನಾವು ಬರೆದ ನಿಯಮಗಳು ಆ ನೋಡ್‌ನಲ್ಲಿ ನಮ್ಮ ಕರೆಸಂಕೇತದ ಹೆಸರಿನಲ್ಲಿ ಉಳಿಯುತ್ತವೆ. ಮರುದಿನ ಸೇರಿದಾಗಲೂ ಹಾಗೆಯೇ ಇರುತ್ತವೆ, ಅದು ಒಳ್ಳೆಯದು. ಆದರೆ ಬೇರೆ ನೋಡ್‌ಗೆ ಹೋದರೆ ಹಿಂದೆಯೇ ಬರುವುದಿಲ್ಲ. ನಿಯಮಗಳನ್ನು ಒಂದು ಪಠ್ಯ ಕಡತದಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಎರಡು ತಂತ್ರಾಂಶಗಳು ಒಂದೇ ಕರೆಸಂಕೇತದಿಂದ ಒಂದೇ ನೋಡ್‌ಗೆ ಸೇರಿದರೆ ಒಂದು ಇನ್ನೊಂದನ್ನು ಹೊರದಬ್ಬುತ್ತದೆ. ಕರೆಸಂಕೇತದ ಕೊನೆಗೆ ಅಡ್ಡಗೆರೆ ಹಾಕಿ 1, 2 ಎಂದು ಸೇರಿಸಿಕೊಂಡರೆ ಆ ಜಗಳ ತಪ್ಪುತ್ತದೆ, ಪ್ರತಿಯೊಂದಕ್ಕೂ ಬೇರೆ ಫಿಲ್ಟರ್ ಇಡುವ ಅನುಕೂಲವೂ ಸಿಗುತ್ತದೆ.

ಆಜ್ಞೆಗಳ ಸಹವಾಸವೇ ಬೇಡ ಎನ್ನುವವರಿಗೆ ಸಿಸಿ ಯೂಸರ್ ಇದೆ. ಇದು ಸಿಸಿ ಕ್ಲಸ್ಟರ್ ಎಂಬ ನೋಡ್ ತಂತ್ರಾಂಶಕ್ಕೆ ಜೊತೆಯಾಗಿ ಬಂದ ಉಚಿತ ವಿಂಡೋಸ್ ತಂತ್ರಾಂಶ. ಬ್ಯಾಂಡ್, ಮೋಡ್, ಸ್ಪಾಟ್ ಹಾಕಿದವರ ದೇಶ ಇವೆಲ್ಲ ಟಿಕ್ ಹಾಕುವ ಚೌಕಗಳಲ್ಲಿ ಇರುತ್ತವೆ. ಟಿಕ್ ಬದಲಿಸಿದಾಗ ಅದು ನಮ್ಮ ಪರವಾಗಿ ನೋಡ್‌ಗೆ ಆಜ್ಞೆ ಕಳುಹಿಸುತ್ತದೆ. ಅಂದರೆ ಸೋಸುವಿಕೆ ನಡೆಯುವುದು ಇಲ್ಲಿಯೂ ನೋಡ್‌ನಲ್ಲಿಯೇ. ಹೊಂದಿಸುವ ಸುಲಭದಲ್ಲಿ ಇದು ಡಿಎಕ್ಸ್‌ಸ್ಪೈಡರನ್ನು ಬಹಳ ಹಿಂದೆ ಹಾಕುತ್ತದೆ. ಸ್ಕಿಮ್ಮರ್ ಸ್ಪಾಟ್ ಬೇಕೇ, ಎಫ್‌ಟಿ8 ಬೇಕೇ ಎಂಬುದಕ್ಕೆ ಪ್ರತ್ಯೇಕ ಆಯ್ಕೆಗಳಿರುವುದರಿಂದ ಪರದೆ ತಕ್ಷಣ ಹಗುರವಾಗುತ್ತದೆ. ಆದರೆ ‘14ನೇ ವಲಯದವರು ಕೇಳಿದ್ದರೆ ಮೋರ್ಸ್ ಮಾತ್ರ, ಪಕ್ಕದ ವಲಯವಾದರೆ ಎಲ್ಲ ಮೋಡ್’ ಎಂಬಂತಹ ಹೆಣೆದ ಷರತ್ತು ಚೌಕಗಳಿಗೆ ದಕ್ಕುವುದಿಲ್ಲ. ಅದಕ್ಕೆ ಡಿಎಕ್ಸ್‌ಸ್ಪೈಡರ್‌ನ ‘ಅಂಡ್’, ‘ಆರ್’, ‘ನಾಟ್’ಗಳೇ ಬೇಕು.

ಸಿಸಿ ಯೂಸರ್ ನನ್ನ ಕಂಪ್ಯೂಟರಿನಲ್ಲಿ ಇಂದಿಗೂ ಉಳಿದಿರುವುದು ಇನ್ನೊಂದು ಗುಣಕ್ಕಾಗಿ. ಅದು ತಾನೇ ಒಂದು ಚಿಕ್ಕ ಟೆಲ್‌ನೆಟ್ ಸರ್ವರ್ ಆಗಿ ನಿಲ್ಲುತ್ತದೆ. ಲಾಗಿಂಗ್ ತಂತ್ರಾಂಶದಲ್ಲಿ ಕ್ಲಸ್ಟರ್ ವಿಳಾಸವನ್ನು 127.0.0.1, ಅಂದರೆ ಇದೇ ಕಂಪ್ಯೂಟರ್, ಎಂದು ಕೊಟ್ಟರೆ, ಹೊರಗಿನ ಒಂದೇ ಸಂಪರ್ಕದಿಂದ ಒಳಗಿನ ಹಲವು ತಂತ್ರಾಂಶಗಳು ಸ್ಪಾಟ್ ಪಡೆಯುತ್ತವೆ.

ಸ್ಕಿಮ್ಮರ್‌ಗಳನ್ನು ಎಷ್ಟು ನಂಬಬೇಕು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಫಿಲ್ಟರ್‌ಗಳ ಅರ್ಧ ಕೆಲಸ ಅದೇ. ಮೋರ್ಸ್‌ನಲ್ಲಿ ‘ಎಸ್’ ಅಕ್ಷರಕ್ಕೆ ಮೂರು ಚುಕ್ಕೆ, ‘ಎಚ್’ಗೆ ನಾಲ್ಕು, ಅಂಕಿ 5ಕ್ಕೆ ಐದು. ಗ್ರೀಸಿನ ನಿಲ್ದಾಣಗಳ ಕರೆಸಂಕೇತ ‘ಎಸ್‌ವಿ’ಯಿಂದ ಶುರುವಾಗುತ್ತದೆ, ವ್ಯಾಟಿಕನ್ನಿನದು ‘ಎಚ್‌ವಿ’ಯಿಂದ. ಎದುರಿಗೆ ಒಂದು ಸಿಡುಕು ಶಬ್ದ ಸೇರಿ ಚುಕ್ಕೆಯಂತೆ ಕೇಳಿಸಿದರೆ ಸಾಕು, ದಿನನಿತ್ಯ ಸಿಗುವ ಗ್ರೀಸ್ ಅಪರೂಪದ ವ್ಯಾಟಿಕನ್ ಆಗಿ ಪರದೆಗೆ ಬರುತ್ತದೆ. ‘ಬೇಕಾದದ್ದು ಮಾತ್ರ ತೋರಿಸು’ ಎಂದು ಫಿಲ್ಟರ್ ಬಿಗಿ ಮಾಡಿದಷ್ಟೂ ಇಂತಹ ತಪ್ಪುಗಳ ಪಾಲು ಹೆಚ್ಚುತ್ತದೆ. ಏಕೆಂದರೆ ಸರಿಯಾದ ಸಾಮಾನ್ಯ ಸ್ಪಾಟ್‌ಗಳನ್ನೆಲ್ಲ ತೆಗೆದುಹಾಕಿರುತ್ತೇವೆ, ತಪ್ಪಾಗಿ ಅಪರೂಪವಾದವು ಮಾತ್ರ ಉಳಿಯುತ್ತವೆ. ಇದಕ್ಕೆ ಒಳ್ಳೆಯ ಮದ್ದು ಇರುವುದು ಎಆರ್-ಕ್ಲಸ್ಟರ್ 6ನೇ ಆವೃತ್ತಿಯ ನೋಡ್‌ಗಳಲ್ಲಿ. ಒಂದೇ ಕರೆಸಂಕೇತವನ್ನು ಎಷ್ಟು ಸ್ಕಿಮ್ಮರ್‌ಗಳು ಒಂದೇ ಆವರ್ತನದಲ್ಲಿ ಕೇಳಿವೆ ಎಂದು ಹೋಲಿಸಿ, ಸ್ಪಾಟ್ ನಂಬಲರ್ಹವೇ, ಕೆಟ್ಟದ್ದೇ ಎಂದು ಅವು ಗುರುತು ಹಾಕುತ್ತವೆ. ನಂಬಲರ್ಹವಾದವನ್ನು ಮಾತ್ರ ಕಳುಹಿಸು ಎಂದು ಕೇಳಬಹುದು. ಸ್ಪರ್ಧೆಯ ವಾರಾಂತ್ಯದಲ್ಲಿ ನಾನು ಬೇರೆ ಯಾವ ನೋಡ್‌ಗೂ ಹೋಗುವುದಿಲ್ಲ.

ಈಗ ಸ್ಪಾಟ್‌ಕಲೆಕ್ಟರ್. ಡಿಎಕ್ಸ್‌ಲ್ಯಾಬ್ ಎಂಬ ಉಚಿತ ತಂತ್ರಾಂಶ ಗುಚ್ಛದ ಒಂದು ಭಾಗ ಇದು. ನಾಲ್ಕರಲ್ಲಿ ಹೊಂದಿಸಲು ಅತಿ ಹೆಚ್ಚು ತಾಳ್ಮೆ ಕೇಳುವುದೂ ಇದೇ, ನಾನು ಅತಿ ಹೆಚ್ಚು ಮೆಚ್ಚುವುದೂ ಇದೇ. ಇದು ಏಕಕಾಲಕ್ಕೆ ಹಲವು ಕ್ಲಸ್ಟರ್‌ಗಳಿಗೆ ಸೇರಿಕೊಂಡು, ಬಂದ ಸ್ಪಾಟ್‌ಗಳನ್ನು ಸಾಲುಸಾಲಾಗಿ ಉರುಳಿಸುವ ಬದಲು ದತ್ತಕೋಶಕ್ಕೆ ಸೇರಿಸುತ್ತದೆ. ಒಂದೇ ನಿಲ್ದಾಣ, ಒಂದೇ ಮೋಡ್, ಹತ್ತಿರದ ಆವರ್ತನ ಎಂದಾದರೆ ಹೊಸ ಸಾಲು ಹುಟ್ಟುವುದಿಲ್ಲ. ಇದ್ದ ಸಾಲಿನಲ್ಲೇ ಕೊನೆಯ ಬಾರಿ ಕೇಳಿಸಿದ ಸಮಯ ಬದಲಾಗುತ್ತದೆ. ದೊಡ್ಡ ಡಿಎಕ್ಸ್‌ಪೆಡಿಷನ್ ನಡೆಯುವಾಗ ಇದರ ಬೆಲೆ ತಿಳಿಯುತ್ತದೆ. 2023ರ ಫೆಬ್ರವರಿಯಲ್ಲಿ ಬೂವೆ ದ್ವೀಪದಿಂದ 3ವೈ0ಜೆ ನಡೆದಾಗ ಟೆಲ್‌ನೆಟ್ ಕಿಟಕಿಯ ತುಂಬ ಅದೇ ಕರೆಸಂಕೇತ ಮತ್ತೆ ಮತ್ತೆ ಬರುತ್ತಿತ್ತು, ನಡುವೆ ಬಂದ ಬೇರೆ ಸ್ಪಾಟ್‌ಗಳು ಕಣ್ಣಿಗೇ ಬೀಳುತ್ತಿರಲಿಲ್ಲ. ಸ್ಪಾಟ್‌ಕಲೆಕ್ಟರ್‌ನಲ್ಲಿ ಬ್ಯಾಂಡ್ ಮತ್ತು ಮೋಡ್‌ಗೆ ಒಂದೊಂದು ಸಾಲು, ಅಷ್ಟೇ.

ಬಣ್ಣಗಳೂ ಇಲ್ಲಿ ಅಲಂಕಾರವಲ್ಲ. ಇನ್ನೂ ಸಂಪರ್ಕಿಸದ, ಬೇಕಾದ ನಿಲ್ದಾಣ ಕೆಂಪು. ಸಂಪರ್ಕಿಸಿದ್ದರೂ ದೃಢೀಕರಣ ಬಾರದಿದ್ದರೆ ನೀಲಿ. ಈ ತೀರ್ಮಾನ ಬರುವುದು ಜೊತೆಯ ಲಾಗಿಂಗ್ ತಂತ್ರಾಂಶ ಡಿಎಕ್ಸ್‌ಕೀಪರ್‌ನಿಂದ. ಅದರಲ್ಲಿ ಯಾವ ಪ್ರಶಸ್ತಿ, ಯಾವ ಬ್ಯಾಂಡ್, ಯಾವ ಮೋಡ್ ನಿಮ್ಮ ಗುರಿ ಎಂದು ಮೊದಲು ಹೇಳಿರಬೇಕು. ಗುರಿ ಬದಲಿಸಿದ ಮೇಲೆ ‘ರೀಕಂಪ್ಯೂಟ್’ ಒತ್ತಬೇಕು, ಇಲ್ಲವಾದರೆ ದತ್ತಕೋಶದಲ್ಲಿ ಈಗಾಗಲೇ ಇರುವ ಸಾಲುಗಳು ಹಳೆಯ ಬಣ್ಣದಲ್ಲೇ ಉಳಿಯುತ್ತವೆ. ಹಳೆಯ ಸಾಲುಗಳನ್ನು ತಾನಾಗಿ ಅಳಿಸುವ ಅವಧಿಯನ್ನೂ ಇಟ್ಟುಕೊಳ್ಳಿ; ಸ್ಕಿಮ್ಮರ್ ಸ್ಪಾಟ್ ಸೇರಿದ ದತ್ತಕೋಶ ಬೇಗ ಊದಿಕೊಂಡು ಎಲ್ಲವನ್ನೂ ನಿಧಾನ ಮಾಡುತ್ತದೆ.

ಬ್ಯಾಂಡ್, ಮೋಡ್, ಖಂಡ, ಸ್ಪಾಟ್‌ನ ವಯಸ್ಸು, ಕೇಳಿದವರ ಪ್ರದೇಶ ಎಂಬ ಸಿದ್ಧ ಫಿಲ್ಟರ್‌ಗಳು ಸಾಲದಿದ್ದರೆ ಎಸ್‌ಕ್ಯೂಎಲ್ ಎಂಬ ದತ್ತಕೋಶದ ಭಾಷೆಯಲ್ಲಿ ಸ್ವಂತ ಷರತ್ತು ಬರೆದು, ಹೆಸರಿಟ್ಟು ಉಳಿಸಿಕೊಳ್ಳಬಹುದು. ಇಲ್ಲಿ ಫಿಲ್ಟರ್ ಸ್ಪಾಟನ್ನು ಮರೆಮಾಡುತ್ತದೆಯೇ ಹೊರತು ಎಸೆಯುವುದಿಲ್ಲ. ಷರತ್ತು ಸಡಿಲಿಸಿದ ಕೂಡಲೇ ಹಿಂದಿನ ಗಂಟೆಯ ಸ್ಪಾಟ್‌ಗಳು ಮತ್ತೆ ಕಾಣುತ್ತವೆ, ಯಾವ ಬ್ಯಾಂಡ್ ಯಾವಾಗ ತೆರೆದಿತ್ತು ಎಂದು ಹಿಂದಿರುಗಿ ನೋಡಬಹುದು. ಡಿಎಕ್ಸ್‌ಸ್ಪೈಡರ್‌ನಲ್ಲಾಗಲಿ ಸಿಸಿ ಯೂಸರ್‌ನಲ್ಲಾಗಲಿ ನೋಡ್ ತಡೆದದ್ದು ಮತ್ತೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಸ್ಪಾಟ್‌ಕಲೆಕ್ಟರ್ ಗೆಲ್ಲುವುದು ಇದೊಂದೇ ಕಾರಣಕ್ಕೆ.

ಹ್ಯಾಮ್‌ಅಲರ್ಟ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಅದು ಬೇರೆಯೇ ಕೆಲಸ ಮಾಡುತ್ತದೆ. ಕ್ಲಸ್ಟರ್, ರಿವರ್ಸ್ ಬೀಕನ್ ನೆಟ್‌ವರ್ಕ್, ಪಿಎಸ್‌ಕೆ ರಿಪೋರ್ಟರ್, ಬೆಟ್ಟಗಳ ಮೇಲಿಂದ ನಡೆಯುವ ಸೋಟಾದಂತಹ ಮೂಲಗಳನ್ನು ಅದು ತನ್ನ ಸರ್ವರಿನಲ್ಲಿ ಗಮನಿಸುತ್ತಿರುತ್ತದೆ. ನಾವು ಬರೆದಿಟ್ಟ ಷರತ್ತಿಗೆ ಹೊಂದಿದರೆ ಮೊಬೈಲ್‌ಗೆ ಸೂಚನೆ ಬರುತ್ತದೆ. ಹೀಗೆ ಬರೆದಿಟ್ಟ ಒಂದು ನಿಯಮಕ್ಕೆ ಟ್ರಿಗ್ಗರ್ ಎಂದು ಹೆಸರು; ಒಂದು ಟ್ರಿಗ್ಗರಿನಲ್ಲಿ ಇರುವ ಷರತ್ತುಗಳೆಲ್ಲ ಒಟ್ಟಿಗೆ ಕೂಡಿಬಂದರೆ ಮಾತ್ರ ಅದು ಕೂಗುತ್ತದೆ. ಹಾಗಾಗಿ ಅಗಲವಾದ ಒಂದು ಟ್ರಿಗ್ಗರ್‌ಗಿಂತ ಕಿರಿದಾದ ಕೆಲವು ಟ್ರಿಗ್ಗರ್‌ಗಳು ಒಳ್ಳೆಯವು: ದೇಶ ಇದು, ಬ್ಯಾಂಡ್ ಇದು, ಮೋಡ್ ಇದು ಎಂದು. ಎಫ್‌ಟಿ8 ಅನ್ನು ಹೊರಗಿಡದಿದ್ದರೆ ಮೊಬೈಲ್ ಸುಮ್ಮನಿರುವುದಿಲ್ಲ. ರೇಡಿಯೊ ಮುಂದೆ ಇಲ್ಲದ ಹೊತ್ತಿಗೆ ಇದಕ್ಕೆ ಸಾಟಿಯಿಲ್ಲ, ಮುಂದೆ ಕುಳಿತಾಗ ಇದರ ಅಗತ್ಯವಿಲ್ಲ.

ಹೀಗಾಗಿ ನನ್ನಲ್ಲಿ ಈಗ ನಿಂತಿರುವ ಏರ್ಪಾಡು ಇದು. ಡಿಎಕ್ಸ್‌ಸ್ಪೈಡರ್ ನೋಡ್ ಒಂದರಲ್ಲಿ ವಲಯದ ಫಿಲ್ಟರ್ ಮಾತ್ರ. ಬ್ಯಾಂಡ್, ಮೋಡ್ ಯಾವುದನ್ನೂ ಅಲ್ಲಿ ಮುಟ್ಟಿಲ್ಲ. ಸ್ಕಿಮ್ಮರ್ ಸ್ಪಾಟ್‌ಗಳು ಸಿಸಿ ಯೂಸರ್ ಮೂಲಕ ಬರುತ್ತವೆ. ಎರಡೂ ಸ್ಪಾಟ್‌ಕಲೆಕ್ಟರಿಗೆ ಸೇರುತ್ತವೆ, ಅಂತಿಮ ತೀರ್ಮಾನ ಅದರದು. 6 ಮೀಟರ್ ಬ್ಯಾಂಡಿಗೆ ಮಾತ್ರ ವಲಯದ ಕಟ್ಟು ಸಡಿಲಿಸಿದ್ದೇನೆ. ಅಲ್ಲಿ ಆಗಾಗ ಮಾತ್ರ ಮೂಡಿ ರೇಡಿಯೊ ಅಲೆಗಳನ್ನು ದೂರಕ್ಕೆ ಬಾಗಿಸುವ, ವಾತಾವರಣದ ಮೇಲ್ಭಾಗದ ಚದುರಿದ ಇ-ಪದರದ (ಸ್ಪೊರಾಡಿಕ್ ಇ) ಬಾಗಿಲು ಯಾವ ದಿಕ್ಕಿನಿಂದ ತೆರೆಯುತ್ತದೆ ಎಂದು ಮೊದಲೇ ಹೇಳಲಾಗದು.

ಲಿನಕ್ಸ್ ಅಥವಾ ಮ್ಯಾಕ್ ಬಳಸುವವರಿಗೆ ಈ ಏರ್ಪಾಡು ಹಾಗೆಯೇ ಹೊಂದುವುದಿಲ್ಲ, ಸ್ಪಾಟ್‌ಕಲೆಕ್ಟರ್ ಮತ್ತು ಸಿಸಿ ಯೂಸರ್ ಎರಡೂ ವಿಂಡೋಸ್‌ಗಾಗಿ ಬರೆದವು. ಅವರು ಡಿಎಕ್ಸ್‌ಸ್ಪೈಡರ್‌ನ ಆಜ್ಞೆಗಳನ್ನೇ ಕಲಿತು, ಲಾಗ್ ನೋಡಿ ಬಣ್ಣ ಹಚ್ಚುವ ಕೆಲಸವನ್ನು ತಮ್ಮ ಲಾಗಿಂಗ್ ತಂತ್ರಾಂಶಕ್ಕೆ ಬಿಡಬೇಕು. ಕಲಿಯುವುದು ಒಂದು ಸಂಜೆಯ ಕೆಲಸ; ಮೊದಲು ‘ಬೈ_ಝೋನ್’ ಒಂದನ್ನೇ ಹಾಕಿ ಒಂದೆರಡು ದಿನ ನೋಡಿ, ಉಳಿದ ಷರತ್ತುಗಳನ್ನು ಆಮೇಲೆ ಸೇರಿಸಿಕೊಳ್ಳಿ.