ಮೈಸೂರೋ, ಕೊಡಗೋ, ಉಡುಪಿಯೋ? ಪುಟ್ಟ ಮಗುವಿನೊಂದಿಗೆ ಮೂರು ರಜೆಗಳ ಹೋಲಿಕೆ

ನಡೆಯಲು ಬರುವ, ಆದರೆ ಮಾತು ಕೇಳದ ವಯಸ್ಸಿನ ಮಗುವನ್ನು ಕರೆದುಕೊಂಡು ಹೊರಡುವವರಿಗೆ ಊರಿನಲ್ಲಿ ನೋಡುವುದಕ್ಕೆ ಏನಿದೆ ಎಂಬುದು ಕೊನೆಯ ಪ್ರಶ್ನೆ. ಮೊದಲನೆಯದು, ಅಲ್ಲಿ ಮಗುವನ್ನು ಧೈರ್ಯವಾಗಿ ನೆಲಕ್ಕೆ ಇಳಿಸಬಹುದೇ ಎಂಬುದು. ಎರಡನೆಯದು, ಮಧ್ಯಾಹ್ನದ ನಿದ್ದೆಗೆ ದಾರಿ ಇದೆಯೇ ಎಂಬುದು. ಎರಡಕ್ಕೂ ಹೌದು ಎಂಬ ಉತ್ತರ ಸಿಕ್ಕಲ್ಲಿ ದೊಡ್ಡವರು ಕಾಫಿಯನ್ನು ಬಿಸಿ ಇರುವಾಗಲೇ ಕುಡಿಯಬಹುದು. ನನ್ನ ಮಟ್ಟಿಗೆ ವಿಶ್ರಾಂತಿಯ ಅಳತೆಗೋಲು ಅಷ್ಟೇ.

ಬೆಂಗಳೂರಿನ ನಮ್ಮಂಥ ಮನೆಗಳಲ್ಲಿ ನಾಲ್ಕು ದಿನ ರಜೆ ಎಂದೊಡನೆ ಮೂರು ಹೆಸರು ಬರುತ್ತವೆ: ಮೈಸೂರು, ಕೊಡಗಿನ ಹೋಂಸ್ಟೇ, ಉಡುಪಿಯ ಕಡಲು. ಮಗಳಿಗೆ ಒಂದೂವರೆ ವರ್ಷವಾದಾಗಿನಿಂದ ಮೂರು ತುಂಬುವುದರೊಳಗೆ ಮೂರನ್ನೂ ನೋಡಿಬಂದೆವು. ಕೊಡಗಿಗೆ ನಾವಿಬ್ಬರೇ ಅವಳನ್ನು ಕರೆದುಕೊಂಡು ಹೋದದ್ದು. ಉಳಿದ ಕಡೆಗೆ ಅತ್ತೆಯವರೂ ಇದ್ದರು. ಈ ಒಂದು ಕಾರಣಕ್ಕೇ ಹೋಲಿಕೆ ಕೊಡಗಿಗೆ ತುಸು ಅನ್ಯಾಯ ಮಾಡುತ್ತದೆ ಎಂದು ನನ್ನ ಗಂಡನ ವಾದ. ಅವರು ಕೊಡಗಿನ ಪಕ್ಷಪಾತಿ.

ಪ್ರಯಾಣದಲ್ಲಿ ಮೈಸೂರಿಗೆ ಸಾಟಿ ಇಲ್ಲ. ರೈಲಿನಲ್ಲಿ ಎರಡರಿಂದ ಮೂರು ಗಂಟೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಬೆಂಗಳೂರನ್ನು ದಾಟುವ ಯಾತನೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಆದರೆ ಆ ರಸ್ತೆ ಊರುಗಳನ್ನೆಲ್ಲ ಬದಿಗೆ ಸರಿಸಿ ಸಾಗುತ್ತದೆ. ಬಿಡದಿಯ ತಟ್ಟೆ ಇಡ್ಲಿಗೂ ಚನ್ನಪಟ್ಟಣದ ಬೊಂಬೆಯಂಗಡಿಗೂ ಹಳೆಯ ರಸ್ತೆಗೆ ಇಳಿಯಬೇಕು. ಹಿಂದಿನ ಸೀಟಿನಿಂದ ವಾಸನೆ ಬಂದಾಗ ಮುಂದಿನ ಇಳಿದಾರಿ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಾ ಕೂರುವುದು ಸುಖವಲ್ಲ. ರೈಲಿನಲ್ಲಿ ಆ ತೊಂದರೆ ಇಲ್ಲ. ಬೋಗಿಯ ಉದ್ದಕ್ಕೂ ನಡೆದಾಡಿಸಬಹುದು, ಕಿಟಕಿಯಲ್ಲಿ ಮಂಡ್ಯದ ಕಬ್ಬಿನ ಗದ್ದೆ ತೋರಿಸಬಹುದು, ಎದುರು ಸೀಟಿನ ಅಪರಿಚಿತ ಅಜ್ಜಿಯರು ಅರ್ಧ ಗಂಟೆ ಮಗುವನ್ನು ಪುಕ್ಕಟೆಯಾಗಿ ನೋಡಿಕೊಳ್ಳುತ್ತಾರೆ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಕೇಳದಿದ್ದರೆ ಟಿಕೆಟ್ಟೂ ಇಲ್ಲ.

ಕೊಡಗು ಜಿಲ್ಲೆಗೆ ರೈಲು ಇಲ್ಲ. ಬಸ್ಸು ಅಥವಾ ಕಾರು. ಕುಶಾಲನಗರದವರೆಗೆ ಏನೂ ಆಗುವುದಿಲ್ಲ. ಸುಂಟಿಕೊಪ್ಪ ದಾಟಿ ಮಡಿಕೇರಿಯ ಕಡೆಗೆ ಏರುವಾಗ ತಿರುವುಗಳು ಒಂದರ ಹಿಂದೊಂದು ಬರುತ್ತವೆ, ಹೊಟ್ಟೆ ತೊಳಸಲು ಶುರುವಾಗುತ್ತದೆ. ಒಂದೂವರೆ ವರ್ಷದ ಕೂಸುಗಳಿಗೆ ಈ ವಾಂತಿಯ ಕಾಟ ಅಷ್ಟಾಗಿ ಇರುವುದಿಲ್ಲ, ಎರಡು ದಾಟಿದ ಮೇಲೆ ಹೆಚ್ಚುತ್ತದೆ. ನಮ್ಮವಳು ಆಗ ತಾನೇ ಎರಡು ದಾಟಿದ್ದಳು. ತಿಂದ ಬಾಳೆಹಣ್ಣು ಹೊರಬಂತು. ಸೀಟಿನ ಬೆಲ್ಟು ತೊಳೆಯುವುದು ಎಂಥ ಕೆಲಸ ಎಂದು ತೊಳೆದವರಿಗೆ ಮಾತ್ರ ಗೊತ್ತು. ಬಾಡಿಗೆ ಕಾರು ಮಾಡುವವರಿಗೆ ಇನ್ನೊಂದು ಮಾತು: ಮಕ್ಕಳ ಸೀಟು ಅವುಗಳಲ್ಲಿ ಇರುವುದೇ ಅಪರೂಪ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಹದಿನಾಲ್ಕರೊಳಗಿನ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಘಾಟಿಯಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವುದು ನನ್ನಿಂದಾಗದು. ಸೀಟನ್ನು ಮನೆಯಿಂದಲೇ ಒಯ್ಯಿರಿ.

ಉಡುಪಿ ನಾನೂರು ಕಿಲೋಮೀಟರ್. ಹಗಲಿನಲ್ಲಿ ಕಾರು ಹತ್ತಿದರೆ ಶಿರಾಡಿ ಘಾಟಿ ಇಳಿದು ಮುಟ್ಟುವಷ್ಟರಲ್ಲಿ ದಿನ ಮುಗಿಯುತ್ತದೆ, ಎಲ್ಲರ ಸಹನೆಯೂ ಮುಗಿದಿರುತ್ತದೆ. ಆದರೆ ಸಂಜೆ ಬೆಂಗಳೂರಿನಿಂದ ಕಾರವಾರಕ್ಕೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಟಿಕೆಟ್ ತೆಗೆಯದ ಮಗುವಿಗೆ ಬೇರೆ ಬರ್ತ್ ಇಲ್ಲ; ಕೆಳಗಿನ ಬರ್ತ್‌ನಲ್ಲಿ ಗೋಡೆಯ ಕಡೆ ಮಗು, ಹೊರಗಡೆ ತಾಯಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ರೈಲು ಅಲ್ಲಿ ತೆವಳುತ್ತದೆ. ತೂಗುವ ಬೋಗಿಯಲ್ಲಿ ಅವಳು ಒಮ್ಮೆಯೂ ಕಣ್ಣು ಬಿಡಲಿಲ್ಲ. ಕಷ್ಟ ಇರುವುದು ಇಳಿಯುವಾಗ. ಇಂದ್ರಾಳಿಯಲ್ಲಿರುವ ಉಡುಪಿ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರುವುದಿಲ್ಲ, ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನಕ್ಕೆ. ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೊಟ್ಟು ಕೋಣೆ ಹಿಡಿದಿಡುವುದೇ ಇದಕ್ಕೆ ಮದ್ದು. ದುಂದು ಎನಿಸುತ್ತದೆ, ಆದರೆ ಆ ಒಂದು ಬಾಡಿಗೆಯಿಂದ ಮರುದಿನವೆಲ್ಲ ಉಳಿಯುತ್ತದೆ.

ಇನ್ನು ನೆಲದ ವಿಚಾರ. ಮೂರು ಊರುಗಳ ನಡುವಿನ ನಿಜವಾದ ಅಂತರ ಕಾಣುವುದು ಇಲ್ಲೇ.

ಹೋಂಸ್ಟೇಯ ಚಿತ್ರಗಳಲ್ಲಿ ಕಾಣುವುದು ಹಸಿರು, ಮಂಜು, ಮರದ ಜಗಲಿ. ಕಾಣದಿರುವುದು ಇಳಿಜಾರು. ನಾವಿದ್ದ ಮನೆಯ ಜಗಲಿಯಿಂದ ಅಂಗಳಕ್ಕೆ ಕಲ್ಲಿನ ಮೆಟ್ಟಿಲು, ಕಟಕಟೆ ಇಲ್ಲ. ಅಂಗಳದ ಅಂಚಿನಲ್ಲಿ ಧರೆ, ಕಡಿದಾದ ಮಣ್ಣಿನ ಇಳುಕಲು. ಧರೆಯ ಕೆಳಗೆ ತೋಟದ ಕೆರೆ. ಕಟ್ಟಿಹಾಕದ ಎರಡು ದೊಡ್ಡ ನಾಯಿಗಳು, ಸಾಧುವೇ, ಆದರೆ ಬಾಲ ಬೀಸಿದರೆ ಮಗು ಬೀಳುವಷ್ಟು ದೊಡ್ಡವು. ತೋಟದೊಳಗೆ ನಾವೇ ಅಡ್ಡಾಡುವ ಹಾಗಿರಲಿಲ್ಲ, ಕಾಡಾನೆ ಬಂದು ಹೋಗುವ ಜಾಗ. ಇದ್ದ ಒಂದೇ ಸಮತಟ್ಟಾದ ಜಾಗ ಕಾಫಿ ಒಣಗಿಸುವ ಕಣ. ಹೋದದ್ದು ಕುಯ್ಲಿನ ಕಾಲ. ಕಣದ ತುಂಬ ಹಣ್ಣು ಹರವಿದ್ದರು, ಅರ್ಧ ಕೆಂಪು, ಅರ್ಧ ಒಣಗಿ ಕಪ್ಪು. ಮಗಳು ಅದರ ನಡುವೆ ಕುಳಿತು ಎರಡೂ ಕೈಯಲ್ಲಿ ಬಾಚಿ ಬಾಚಿ ಸುರಿಯುತ್ತಿದ್ದಳು. ಕೆಲಸದವರು ಹಲುಬೆಯಿಂದ ಎಳೆದ ಸಾಲುಗಳನ್ನು ಅವಳು ಕೆಡಿಸುವುದು, ಅವರು ನಕ್ಕು ಮತ್ತೆ ಎಳೆಯುವುದು. ಅದಕ್ಕಿಂತ ಚೆಂದದ ಆಟದ ಮೈದಾನ ಇರಲಾರದು. ಒಂದೇ ತೊಡಕು: ಒಣ ಕಾಫಿಯ ಕಾಯಿ ಮಗುವಿನ ಮೂಗಿಗೂ ಗಂಟಲಿಗೂ ಸರಿಯಾದ ಅಳತೆ. ನಮ್ಮಲ್ಲೊಬ್ಬರು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅವಳ ಬಾಯನ್ನು ಕಾಯುತ್ತಿರಬೇಕಾಯಿತು. ಬಿಸಿ ಕಾಫಿ ಬರುತ್ತಿತ್ತು, ಜಗಲಿಯಲ್ಲೇ ಆರುತ್ತಿತ್ತು. ಮಳೆಗಾಲದಲ್ಲಿ ಹೋಗುವವರು ಇದಕ್ಕೆ ಇಂಬಳವನ್ನೂ, ಅಂದರೆ ರಕ್ತ ಹೀರುವ ಜಿಗಣೆಯನ್ನೂ, ಸೇರಿಸಿಕೊಳ್ಳಿ.

ಮೈಸೂರಿನಲ್ಲಿ ನೆಲ ಸಮ, ನೆರಳು ಧಾರಾಳ. 1892ರಲ್ಲಿ ಆರಂಭವಾದ ಮೃಗಾಲಯವನ್ನು ಒಂದು ಸುತ್ತು ಬರುವಷ್ಟರಲ್ಲಿ ದೊಡ್ಡವರೇ ಬಸವಳಿಯುತ್ತಾರೆ. ಬ್ಯಾಟರಿ ವಾಹನಕ್ಕೆ ಟಿಕೆಟ್ ತೆಗೆಯಿರಿ, ಮಂಗಳವಾರ ಹೋಗಬೇಡಿ, ಅಂದು ರಜೆ. ಜಿರಾಫೆಯ ಎದುರು ನಿಂತ ನಮ್ಮವಳು ನೋಡುತ್ತಿದ್ದದ್ದು ಗಿಡಗಳಿಗೆ ನೀರು ಹಾಯಿಸುತ್ತಿದ್ದ ಪೈಪಿನ ತೂತನ್ನು. ಪಕ್ಕದ ಕಾರಂಜಿ ಕೆರೆ ನನಗೆ ಮೃಗಾಲಯಕ್ಕಿಂತ ಹಿಡಿಸಿತು. ಅಲ್ಲಿನ ದೊಡ್ಡ ಪಕ್ಷಿಮನೆಯೊಳಗೆ ನಾವೇ ನಡೆದು ಹೋಗಬಹುದು, ನವಿಲು ಎದುರಿಗೇ ಬರುತ್ತದೆ. ಅತ್ತೆಯವರಿಗೆ ಹಿಡಿಸಿದ್ದು ಕೆ.ಆರ್.ಎಸ್. ರಸ್ತೆಯ ರೈಲು ವಸ್ತುಸಂಗ್ರಹಾಲಯ. 1979ರಿಂದ ಇರುವ ಈ ಜಾಗದಲ್ಲಿ ಹಳೆಯ ಉಗಿಬಂಡಿಗಳು ಬಯಲಲ್ಲೇ ನಿಂತಿವೆ, ಪುಟಾಣಿ ರೈಲೂ ಇದೆ. ಅರಮನೆಯ ದೀಪಾಲಂಕಾರವನ್ನು ಮಾತ್ರ ಬಿಟ್ಟುಬಿಡಿ. ಭಾನುವಾರ ಸಂಜೆ ಏಳಕ್ಕೆ ಸಾವಿರಾರು ದೀಪಗಳು ಒಟ್ಟಿಗೆ ಹತ್ತುವ ಹೊತ್ತಿಗೆ ನಿದ್ದೆಗೆ ಜಾರುತ್ತಿರುವ ಮಗು, ಸುತ್ತ ಜನಜಂಗುಳಿ: ನಮ್ಮವಳು ಅರಮನೆಗಿಂತ ಗಟ್ಟಿಯಾಗಿ ಬೆಳಗಿದಳು. ಮೈಸೂರಿನ ತೊಂದರೆ ಇದೇ: ಎಲ್ಲವೂ ನೋಡುವ ಜಾಗಗಳು, ಟಿಕೆಟ್ಟು, ಸಮಯ, ಆಟೋ. ಕೂತಲ್ಲೇ ಕೂರುವ ಜಾಗ ಕಡಿಮೆ. ನೋಡದೆ ಬಂದರೆ ಏನೋ ಕಳೆದುಕೊಂಡಂತೆ ಹಿರಿಯರ ಮನಸ್ಸು ಒಪ್ಪದು.

ಉಡುಪಿಯ ಕಡಲ ಮರಳಿನಲ್ಲಿ ಆ ತೊಂದರೆ ಇಲ್ಲ. ಮರಳಿನಲ್ಲಿ ನೋಡುವಂಥದ್ದು ಏನೂ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. ಬಿದ್ದರೆ ನೋವಿಲ್ಲ, ಮುರಿಯುವ ವಸ್ತುವಿಲ್ಲ, ‘ಬೇಡ’ ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ. ಹೋಟೆಲಿನ ಸ್ಟೀಲ್ ಲೋಟದಲ್ಲಿ ನೀರು ತಂದು ತಾನು ತೋಡಿದ ಗುಳಿಗೆ ಸುರಿಯುವುದು, ಗುಳಿ ಕುಡಿದುಬಿಡುವುದು, ಅವಳು ಎದ್ದು ಅಜ್ಜಿಯ ಬೆರಳು ಹಿಡಿದು ಮತ್ತೆ ನೀರಿಗೆ ಹೋಗುವುದು. ಇಡೀ ಬೆಳಗು ಇದೇ ಕೆಲಸ. ನಡುವೆ ಒಂದು ಏಡಿ ಮರಿ ಬಿಲದಿಂದ ಇಣುಕಿದರೆ ಲೋಟ ಬಿಟ್ಟು ಅದರ ಹಿಂದೆ. ಅಲ್ಲಿ ನಾನು ಕಾಫಿಯನ್ನು ಬಿಸಿಯಾಗಿ ಕುಡಿದದ್ದಷ್ಟೇ ಅಲ್ಲ, ಇನ್ನೊಂದು ಲೋಟ ಹೇಳಿದೆ.

ಯಾವ ಕಡಲತೀರ ಎಂಬುದು ಮುಖ್ಯ. ಮಲ್ಪೆಯ ಮುಖ್ಯ ತೀರದಲ್ಲಿ ವಾರಾಂತ್ಯಕ್ಕೆ ಜಾತ್ರೆ: ಜಲಕ್ರೀಡೆ, ಗದ್ದಲ. ಸೇತುವೆ ದಾಟಿದರೆ ಪಡುಕೆರೆ, ಶಾಂತ. ಇನ್ನೂ ಚಿಕ್ಕ ಮಗುವಿದ್ದವರಿಗೆ ದಕ್ಷಿಣದ ಪಡುಬಿದ್ರಿ ಅನುಕೂಲ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ತೀರ ಅದು, ಶೌಚಾಲಯ, ಸಿಹಿನೀರಿನ ಸ್ನಾನ, ಬಟ್ಟೆ ಬದಲಿಸುವ ಕೋಣೆ ಎಲ್ಲ ಇವೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳು ಅದ್ಭುತವೇ, ಆದರೆ ದೋಣಿ ಹತ್ತಿ ಇಳಿದು ಕಲ್ಲು, ಒಡೆದ ಚಿಪ್ಪುಗಳ ಮೇಲೆ ಬರಿಗಾಲಿನ ಮಗುವನ್ನು ನಡೆಸುವುದು ಬೇಡ. ಅದು ಓಡಿಹೋಗುವುದಿಲ್ಲ, ಐದಾರು ವರ್ಷ ಕಾಯಬಹುದು.

ಕಡಲಿಗೆ ತನ್ನದೇ ಷರತ್ತುಗಳಿವೆ. ಮಗುವಿಗೂ ನೀರಿಗೂ ನಡುವೆ ಸದಾ ಒಬ್ಬರು ದೊಡ್ಡವರು ನಿಂತಿರಬೇಕು, ಕೈಯಲ್ಲಿ ಮೊಬೈಲ್ ಇಲ್ಲದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ತಲೆ ಹಾಕಬಾರದು. ನವೆಂಬರ್‌ನಿಂದ ಫೆಬ್ರವರಿ ಸರಿ. ಮಾರ್ಚ್ ಬಂತೆಂದರೆ ಬೆವರುಸಾಲೆ. ಚಳಿಗಾಲದಲ್ಲೂ ಹತ್ತು ಗಂಟೆಗೆ ಮರಳು ಕಾಯುತ್ತದೆ, ಆಗ ಎದ್ದು ಬಂದುಬಿಡಬೇಕು. ಡಯಾಪರಿನೊಳಗೆ ಸೇರಿದ ಮರಳು ತೊಡೆಸಂದಿಯನ್ನು ಕೆಂಪಾಗಿಸುತ್ತದೆ. ತೀರದಲ್ಲಿ ಅದನ್ನು ತೆಗೆದು ಬರೀ ಚಡ್ಡಿ ಹಾಕಿ, ಕೋಣೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆದು ಕೊಬ್ಬರಿ ಎಣ್ಣೆ ಸವರಿ. ಸೊಳ್ಳೆಪರದೆ ಜೊತೆಗಿರಲಿ.

ಬೆಳಿಗ್ಗೆ ಹತ್ತಕ್ಕೆ ಎದ್ದು ಬರಲೇಬೇಕಾದ್ದರಿಂದ ಮಧ್ಯಾಹ್ನದ ನಿದ್ದೆ ತಾನಾಗಿ ಬಂತು. ಸ್ನಾನ, ಊಟ, ಮೂರು ಗಂಟೆ ಗಾಢ ನಿದ್ದೆ. ಕೊಡಗಿನಲ್ಲಿ ನಿದ್ದೆಗೆ ಹವೆ ಎಲ್ಲಕ್ಕಿಂತ ಚೆನ್ನಾಗಿತ್ತು, ಆದರೆ ರಾತ್ರಿ ಪಕ್ಕದ ತಂಡದವರು ಬೆಂಕಿ ಹಾಕಿ ಹಾಡು ಹಚ್ಚಿದರು. ಮೈಸೂರಿನಲ್ಲಿ ಅವಳು ಮಲಗಿದ್ದು ಆಟೋದಲ್ಲಿ.

ಊಟದ ವಿಷಯದಲ್ಲಿ ಉಡುಪಿಯನ್ನು ಹೊಗಳಲು ನಾನು ಬೇಕಿಲ್ಲ. ನೀರುದೋಸೆ ಹಲ್ಲು ಪೂರ್ತಿ ಬಾರದ ಬಾಯಿಗೆಂದೇ ಮಾಡಿದಂತಿದೆ. ಕುಚ್ಚಲಕ್ಕಿ ಗಂಜಿಗೆ ತುಪ್ಪ, ಉಪ್ಪು ಹಾಕಿದರೆ ಮಧ್ಯಾಹ್ನ ಕಳೆಯಿತು. ಬೆಳಿಗ್ಗೆ ಆರೂವರೆಗೆ ಇಡ್ಲಿ ಸಿಗುತ್ತದೆ ಎನ್ನುವುದೇ ದೊಡ್ಡದು, ಏಕೆಂದರೆ ಈ ವಯಸ್ಸಿನವರು ರಜೆಯಲ್ಲೂ ಆರಕ್ಕೇ ಏಳುತ್ತಾರೆ. ಹೋಂಸ್ಟೇಯಲ್ಲಿ ತಿಂಡಿ ಒಂಬತ್ತಕ್ಕೆ, ರಾತ್ರಿಯೂಟ ಒಂಬತ್ತಕ್ಕೆ. ಅಕ್ಕಿತರಿಯ ಕಡಂಬುಟ್ಟು ಅವಳಿಗೆ ಇಷ್ಟವಾಯಿತು, ತುಪ್ಪದೊಂದಿಗೆ ಉಂಡೆ ಉಂಡೆಯೇ ನುಂಗಿದಳು. ಜೊತೆಗಿನ ಸಾರಿನ ಕರಿಮೆಣಸು ನಮಗೆ ಮಾತ್ರ. ಮೈಸೂರಿನಲ್ಲಿ ಊಟ ಸಮಸ್ಯೆಯೇ ಅಲ್ಲ.

ಸಂಜೆ ಏನು ಮಾಡುವುದು ಎಂಬ ಪ್ರಶ್ನೆಗೂ ಉಡುಪಿಯಲ್ಲಿ ಉತ್ತರವಿತ್ತು. ಮಳೆಗಾಲ ಕಳೆದ ಮೇಲೆ ಹೆಚ್ಚಿನ ದಿನಗಳಲ್ಲಿ ಕೃಷ್ಣಮಠದ ರಥಬೀದಿಯಲ್ಲಿ ತೇರು ಎಳೆಯುತ್ತಾರೆ. ಚಂಡೆಯ ಸದ್ದಿಗೆ ಮಗಳು ಮೊದಲು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದಳು, ಆಮೇಲೆ ಬಿಡಿಸಿಕೊಂಡು ಕುಣಿದಳು.

ನಾಲ್ಕನೆಯ ಆಯ್ಕೆಯೂ ಒಂದಿದೆ ಎಂದು ಓದುಗರು ನೆನಪಿಸಬಹುದು: ಊರಿನ ಮನೆ. ಖರ್ಚಿಲ್ಲ, ಮಗುವನ್ನು ಎತ್ತಿಕೊಳ್ಳಲು ಹತ್ತು ಕೈ. ನಿಜ. ಆದರೆ ಆ ಹತ್ತು ಕೈಗಳಿಗೂ ಕಾಫಿ ಮಾಡಿಕೊಡುವುದು ಸೊಸೆ. ಅದನ್ನು ಪ್ರೀತಿ ಎನ್ನಿ, ಕರ್ತವ್ಯ ಎನ್ನಿ, ರಜೆ ಎನ್ನಬೇಡಿ.

ನನ್ನ ತೀರ್ಪು ಬೇಕಿದ್ದರೆ ಹೀಗೆ. ಎರಡರೊಳಗಿನ ಮಗು, ಮೊದಲ ಸಲದ ಪ್ರಯಾಣ, ಏನಾದರೂ ಆದರೆ ಪಕ್ಕದಲ್ಲೇ ಮಕ್ಕಳ ವೈದ್ಯರು ಬೇಕು ಎನ್ನುವವರಿಗೆ ಮೈಸೂರು, ದಿನಕ್ಕೆ ಒಂದೇ ಜಾಗ ನೋಡುವ ಒಪ್ಪಂದದ ಮೇಲೆ. ಎರಡರಿಂದ ಮೂರರ ನಡುವೆ, ಚಳಿಗಾಲದಲ್ಲಿ, ಉಡುಪಿ. ಜೊತೆಗೊಬ್ಬ ಅಜ್ಜಿ ಅಥವಾ ಅಜ್ಜ ಇರಬೇಕು. ಕೊಡಗು ಮೂರು ತುಂಬಿದ ಮೇಲೆ. ಅಷ್ಟು ಕಾಯಲಾಗದಿದ್ದರೆ ಮಡಿಕೇರಿಯ ಬೆಟ್ಟ ಹತ್ತದೆ ಕುಶಾಲನಗರದ ಸಮನೆಲದಲ್ಲೇ ಉಳಿಯಿರಿ. ದುಬಾರೆಯಲ್ಲಿ ಬೆಳಿಗ್ಗೆ ಆನೆಗೆ ಸ್ನಾನ ಮಾಡಿಸುವುದನ್ನು ನೋಡಬಹುದು, ನಿಸರ್ಗಧಾಮದ ಬಿದಿರಿನ ನೆರಳಿದೆ. ನನ್ನ ಗಂಡ ಈ ತಿದ್ದುಪಡಿಗೆ ಒಪ್ಪಿದ್ದಾರೆ.

ಎಲ್ಲಿಗೇ ಹೋದರೂ ಕೋಣೆ ಕಾಯ್ದಿರಿಸುವಾಗ ಫೋನಿನಲ್ಲೇ ಕೇಳಬೇಕಾದವು: ನೆಲಮಹಡಿಯೇ, ಬಾಲ್ಕನಿಯ ಸರಳುಗಳ ನಡುವೆ ಮಗುವಿನ ತಲೆ ತೂರುತ್ತದೆಯೇ, ಈಜುಕೊಳಕ್ಕೆ ಬಾಗಿಲಿದೆಯೇ, ಬಿಸಿನೀರಿನ ಕೆಟಲ್ ಕೊಡುತ್ತೀರಾ, ರಾತ್ರಿ ಎಷ್ಟು ಗಂಟೆಯವರೆಗೆ ಧ್ವನಿವರ್ಧಕ. ‘ಮಕ್ಕಳಿಗೆ ಅನುಕೂಲವೇ’ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ.

ಬರುವ ಜನವರಿಗೆ ನಾವು ಪಡುಬಿದ್ರಿ ಎಂದು ತೀರ್ಮಾನಿಸಿದ್ದೇವೆ. ಅತ್ತೆಯವರು ಬರುತ್ತಾರೆ, ಒಂದು ಷರತ್ತಿನ ಮೇಲೆ: ಈ ಸಲ ತಮ್ಮ ಕೋಣೆ ನಮ್ಮ ಕೋಣೆಯ ಪಕ್ಕದಲ್ಲಿ ಬೇಡ, ಒಂದು ಮಹಡಿ ಮೇಲಿರಲಿ.